ಮಾವನ ಡ್ರೋನಿಗೊಬ್ಬ ಕಂಡಕ್ಟರು

ನಮ್ಮ ಸೋದರಮಾವ ಅರವತ್ತು ದಾಟಿದ ಮ್ಯಾಲ ಡ್ರೋನ್ ಹಾರಸೋದು ಕಲತಾನ ಅಂದ್ರ ನೀವು ನಂಬತೀರಿ. ಈಗಿನ ಕಾಲದಾಗ ಏನೂ ಆಗತೈತಿ ಅಂತ ಸುಮ್ಮನಾಗತೀರಿ. ಆದ್ರ ಆ ಡ್ರೋನಿಗೆ ಒಬ್ಬ ಕಂಡಕ್ಟರ್ ಬೇಕು, ಕಂಡಕ್ಟರ್ ಸೀಟಿ ಹೊಡೆಯೋತನಕ ಗಾಡಿ ನೆಲ ಬಿಡಂಗಿಲ್ಲ ಅಂತ ಹಠ ಹಿಡದಾನ ಅಂದ್ರ? ನಂಬಾಕ ಕಷ್ಟ ಆತಲ್ಲ? ನನಗೂ ಆಗಿತ್ತು. ಕಣ್ಣಾರೆ ನೋಡಿದ ಮ್ಯಾಲ ನಂಬೇನಿ.

ಪೂರಾ ತಪ್ಪು ಅವನದೂ ಅಲ್ಲ. ಮೂವತ್ತು ವರ್ಷ ಸರಕಾರಿ ಬಸ್ ಹೊಡದ ಮನಶಾ. ಬೈಲಹೊಂಗಲದಿಂದ ಸವದತ್ತಿ, ಸವದತ್ತಿಯಿಂದ ರಾಮದುರ್ಗ, ತಿರಗಿ ಮತ್ತ ಬೈಲಹೊಂಗಲ. ಈ ದಾರ್ಯಾಗ ಯಾವ ತೆಗ್ಗು ಎಲ್ಲಿ ಐತಿ, ಯಾವ ಊರ ನಾಯಿ ಗಾಲಿ ಬೆನ್ನ ಹತ್ತತೈತಿ, ಯಾವ ಮುದುಕಿ ತನ್ನ ಸ್ಟಾಪ್ ಬರೂ ಹೊತ್ತಿಗೆ ಸರಿಯಾಗಿ ನಿದ್ದಿ ಹೋಗತಾಳ, ಎಲ್ಲಾ ಬಾಯಿಪಾಠ. ಅಷ್ಟು ವರ್ಷದಾಗ ಒಂದು ಕೋಳಿಮರಿನೂ ಅವನ ಗಾಲಿಗೆ ಸಿಕ್ಕಿಲ್ಲ. ಅಪಘಾತ ಮಾಡದ ಡ್ರೈವರ್ ಅಂತ ಬೆಳ್ಳಿ ಪದಕ ಕೊಟ್ಟಾರ. ಮುನವಳ್ಳಿ ಮನಿ ಪಡಸಾಲ್ಯಾಗ, ದೇವರ ಫೋಟೋಕ್ಕಿಂತ ಒಂದು ಗೇಣು ಮ್ಯಾಲ ಅದು ತೂಗಾಡತೈತಿ. ದೇವರಿಗೆ ಹೂವು ತಪ್ಪಿದರ ತಪ್ಪೀತು, ಪದಕಕ್ಕ ವಿಭೂತಿ ಹಚ್ಚಿ ತಿಕ್ಕೂದು ತಪ್ಪಂಗಿಲ್ಲ.

ಇನ್ನೊಂದು ಹೆಸರೂ ಇತ್ತು ಅವಗ. ಕೈ ಮಾಡಿದ್ರ ನಿಲ್ಲಸೂ ಡ್ರೈವರ್. ಸ್ಟಾಪ್ ಇರಲಿ ಬಿಡಲಿ, ಹೊಲದ ನಡಬರಕ ನಿಂತು ಯಾರರ ಕೈ ಎತ್ತಿದ್ರ ಸಾಕು, ಮಾವನ ಕಾಲು ಬ್ರೇಕಿನ ಮ್ಯಾಲ. ಒಳಗ ಕುಂತ ಮಂದಿ ಬೈತಿದ್ರು, ಹೊರಗ ನಿಂತ ಮಂದಿ ಹರಸತಿದ್ರು.

ಇಷ್ಟೆಲ್ಲಾ ದಯಾ ಇದ್ದ ಮನಶಾ ಒಬ್ಬರಿಗೆ ಮಾತ್ರ ಒಂದು ದಿವಸನೂ ಗಾಡಿ ನಿಲ್ಲಸಲಿಲ್ಲ. ಯಾರಿಗೆ ಅಂದ್ರ, ತನ್ನ ಹೇಣತಿಗೆ. ಅತ್ತಿಯ ತವರು ಚಚಡಿ. ತವರಿಗೆ ಹೊಂಟು ಚೀಲ ಹಿಡಕೊಂಡು ರಸ್ತೆದಾಗ ನಿಂತು ಕೈ ಮಾಡಿದ್ರ, ಮಾವ ಹಾರ್ನ್ ಒಂದು ಬಾರಿಸಿ ಸೀದಾ ಹೋಗಾಂವ. ನಿಲ್ದಾಣದಾಗ ಹತ್ತಾಕ ಹೋದ್ರ, “ಹಿಂದ ಇನ್ನೊಂದು ಗಾಡಿ ಐತಿ, ಅದಕ್ಕ ಬಾ” ಅಂತ ಇಳಸಾಂವ. ಹುಣ್ಣಿವಿಗೆ ಎಲ್ಲವ್ವನ ಗುಡ್ಡಕ್ಕ ಊರ ಮಂದಿನೆಲ್ಲಾ ತಾನ ಹೊತ್ತು ಒಯ್ದ, ಅತ್ತಿ ಹಿಂದಿನ ಗಾಡ್ಯಾಗ ನಿಂತಕೊಂಡು ಹೋದಳು. ಯಾಕ ಮಾವ ಅಂತ ಕೇಳಿದ್ರ ಒಂದ ಉತ್ತರ: “ಡ್ಯೂಟಿ ಅಂದ್ರ ಡ್ಯೂಟಿ.” ನಾ ಅದಕ್ಕ ಸೊಕ್ಕು ಅಂತ ಹೆಸರಿಟ್ಟಿದ್ನಿ. ಅತ್ತಿ ಹೆಸರು ಇಡಲಿಲ್ಲ. “ಮಂದಿ ಕೈ ಕಾಣತೈತಿ ಇವರಿಗೆ, ನನ್ನ ಕೈ ಕಾಣಂಗಿಲ್ಲ” ಅಂತ ಆಗಾಗ ಅಂತಿದ್ದಳು, ಅಷ್ಟ.

ಇನ್ನ ಡ್ರೋನಿನ ಕತಿ. ಮುನವಳ್ಳಿ ರೈತರು ಒಂದು ಗುಂಪು ಮಾಡಿಕೊಂಡು ಬೆಳಿಗೆ ಔಷಧ ಹೊಡಿಯೂ ಡ್ರೋನ್ ತರಿಸಿದ್ರು. ಮೊದಲನೇ ಪೈಲಟ್ ಅದನ್ನ ಹುಣಸಿಗಿಡದ ತುದೀಗೆ ಕುಂಡ್ರಿಸಿ ಬಂದ. ಎರಡನೆಯಾಂವ ಒಂದು ಕೈಯಾಗ ರಿಮೋಟು, ಇನ್ನೊಂದು ಕೈಯಾಗ ಮೊಬೈಲ್ ಹಿಡದು ತನ್ನ ರೀಲ್ಸ್ ತಾನ ಮಾಡಕೋತ ಹಾರಿಸಿದ. ಡ್ರೋನ್ ಕಬ್ಬಿನಾಗ ಹೊಕ್ಕಿತು, ಹುಡಕಾಕ ಅರ್ಧ ಊರು ಹೊಕ್ಕಿತು. ಕಡೀಕ ಅನುಭವ ಇದ್ದ ಪೈಲಟ್ ಬೇಕು ಅಂತ ಮೀಟಿಂಗ್ ಕೂಡಿದ್ರ, ಮಾವ ಎದ್ದು ನಿಂತ.

“ಗಾಡಿ ಯಾರ ಕೈಯಾಗ ಕೊಡಬೇಕು? ಡ್ರೈವರನ ಕೈಯಾಗ. ನನ್ನ ಕೈಯಾಗ ಅದು ನೆಲಕ್ಕ ಬಿತ್ತಂದ್ರ, ಗ್ವಾಡಿ ಮ್ಯಾಲಿನ ಪದಕ ತಂದು ನಿಮ್ಮ ಮುಂದ ಇಡತೇನಿ. ಮತ್ತ ಮುಟ್ಟಂಗಿಲ್ಲ.”

ಆ ಪದಕ ಅಂದ್ರ ಅವನ ಜೀವ. ಮಂದಿ ಸುಮ್ಮನ ಒಪ್ಪಿದ್ರು.

ತರಬೇತಿ ಕೊಡೂ ಹುಡಗ ಬೆಂಗಳೂರು ಕಡೆಯಾಂವ. ಮೊದಲನೇ ದಿವಸ ಕೇಳಿದನಂತ, “ಅಂಕಲ್, ಹಾರಿಸೋ ಮೊದಲು ಏನು ಚೆಕ್ ಮಾಡ್ತೀರಿ?” ಮಾವ ಎದ್ದು ಹೋಗಿ ಡ್ರೋನಿನ ಕಾಲಿಗೆ ಬೂಟಿನಿಂದ ಸಣ್ಣಗ ಒದ್ದು, “ಹವಾ” ಅಂದ.

“ಇದಕ್ಕೆ ಗಾಲಿ ಇಲ್ಲ ಅಂಕಲ್.”

“ಹಂಗಾರ ಸ್ಟೆಪ್ನಿನೂ ಇಲ್ಲೇನು?”

“ನಿಮಗೆ ಹಾರಿಸಿದ ಅನುಭವ ಎಷ್ಟಿದೆ?”

“ಮೂವತ್ತು ವರ್ಷ.”

“ಯಾವ ಡ್ರೋನು?”

“ಬೈಲಹೊಂಗಲ–ರಾಮದುರ್ಗ.”

ಆ ಹುಡಗ ಸೀದಾ ಪಾಠ ಶುರು ಮಾಡಿದನಂತ. ಆದ್ರ ಖರೇ ಹೇಳಬೇಕಂದ್ರ ಮಾವ ಛಲೋನ ಕಲತ. ಗಾಳಿ ಎಷ್ಟಿದ್ರ ಹಾರಸಬಾರದು, ಬ್ಯಾಟರಿ ಯಾವಾಗ ತೆಗೀಬೇಕು, ಮಂದಿ ಮ್ಯಾಲ ಯಾಕ ಹೋಗಬಾರದು, ಎಲ್ಲಾ ಬಾಯಿಪಾಠ ಮಾಡಿ ಪಾಸಾಗಿ ಬಂದ. “ಮ್ಯಾಲ ಭಾಳ ಆರಾಮ ಐತವ್ವಾ. ಎಮ್ಮಿ ಅಡ್ಡ ಬರಂಗಿಲ್ಲ, ಚಿಲ್ಲರ ಜಗಳಿಲ್ಲ” ಅಂತ ನನಗ ಹೇಳಿದ. ಸರ್ಟಿಫಿಕೇಟಿಗೆ ಚೌಕಟ್ಟ ಹಾಕಿಸಿ ಪದಕದ ಬಾಜೂಕ ತೂಗಹಾಕಿದ. ದೇವರು ಇನ್ನೊಂದು ಗೇಣು ತೆಳಗ ಸರದರು.

ಮೊದಲನೇ ಹಾರಾಟ ನೋಡಾಕ ನಾ ಕಿತ್ತೂರಿನಿಂದ ಬಂದಿದ್ನಿ. ಅಲ್ಲಿ ಸಾಲ್ಯಾಗ ಕಲಸತೇನಿ, ಸೂಟಿ ಇತ್ತು. ಮಾವ ಖಾಕಿ ಅಂಗಿ ಹಾಕ್ಕೊಂಡು ಬಂದಿದ್ದ. ಡ್ರೋನ್ ಗೊಂವ್ ಅಂತ ಎದ್ದು ಸೋಯಾಬೀನ್ ಹೊಲದ ಮ್ಯಾಲ ನೆಟ್ಟಗ ಹೊಂಟಿತು. ಮಂದಿ ಭಲೆ ಭಲೆ ಅನ್ನೂವಷ್ಟರಾಗ ನಡು ಹೊಲದಾಗ ಗಕ್ಕನ ನಿಂತಬಿಡತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ, ಗಾಳ್ಯಾಗ ಗೊಂವ್ ಅನ್ಕೋತ ನಿಂತೈತಿ.

“ಯಾಕ ಮಾವ, ಬ್ಯಾಟರಿ ಹೋತೇನು?”

“ಅಲ್ಲಿ ಯಾರೋ ಕೈ ಮಾಡಿದ್ರು ನೋಡು.”

ನೋಡಿದ್ರ, ಬಾಜೂ ಹೊಲದಾಗ ಕಸಾ ತೆಗಿಯೂ ಹೆಣ್ಣಮಗಳೊಬ್ಬಳು ಡ್ರೋನ್ ನೋಡಬೇಕಂತ ಬಿಸಲಿಗೆ ಹಣಿಗೆ ಕೈ ಅಡ್ಡ ಹಿಡದಾಳ. ಪಾಪ, ಆಕಿ ಎಲ್ಲಿಗೂ ಹೋಗಾಕಿ ಇರಲಿಲ್ಲ.

ಆವತ್ತ ಸಂಜಿಗೆ ಮಾವ ತೀರ್ಮಾನಕ್ಕ ಬಂದ. “ಕಂಡಕ್ಟರ್ ಬೇಕ ಬೇಕು. ನಿಲ್ಲಬೇಕೋ ಹೋಗಬೇಕೋ ಅಂತ ಹೇಳಾಕ ಒಬ್ಬರು ಇದ್ರ ನಾ ಯಾರ ಕೈ ಕಡೆನೂ ನೋಡಂಗಿಲ್ಲ.” ಒಂದು ಸೀಟಿ ಅಂದ್ರ ನಿಲ್ಲು, ಎರಡು ಅಂದ್ರ ಹೋಗು. ಡ್ರೋನ್ ಹೊಲದ ಆ ತುದಿ ಮುಟ್ಟಿದ ಕೂಡಲೆ ಕಂಡಕ್ಟರ್ ಅಲ್ಲಿಂದ ಒಂದು ಸೀಟಿ ಹೊಡೀಬೇಕು. ನಸಿಕಿನ್ಯಾಗ ಎದ್ದು ಹೊಲಕ್ಕ ಬಂದು ಸೀಟಿ ಊದಾಕ ಯಾರು ಬರತಾರ? ನಾ ಒಂದು ದಿವಸ ಊದಿದ್ನಿ. ನಿಲ್ಲು ಅನ್ನೂವಲ್ಲಿ ಹೋಗು ಅಂತ ಊದಿ ಬೈಸಿಕೊಂಡು ಬಿಟ್ಟನಿ. ಕಡೀಕ ಅತ್ತಿ ಸೀಟಿ ಇಸಕೊಂಡು ಕೊಳ್ಳಿಗೆ ಹಾಕ್ಕೊಂಡಳು. “ಬಸ್ಸಿಗಂತೂ ಹತ್ತಿಸಿಕೊಳ್ಳಲಿಲ್ಲ. ಇದಕ್ಕರ ಕಂಡಕ್ಟರ್ ಆಗತೇನಿ.”

“ನೀ ಬ್ಯಾಡ” ಅಂದ ಮಾವ.

“ಯಾಕ, ಹಿಂದ ಇನ್ನೊಂದು ಡ್ರೋನ್ ಐತೇನು?”

ಮಾವ ಒಪ್ಪಲೇಬೇಕಾತು. ಒಂದು ಕರಾರು ಮಾತ್ರ ಹಾಕಿದ. ಹೊಲದ ಒಡ್ಡಿನ ಮ್ಯಾಲ ಕಾಲ ಇಡಂಗಿಲ್ಲ, ದೂರ ನಿಂತ ಊದಬೇಕು. ಅತ್ತಿ ಹೂಂ ಅಂದಳು. ಹಿಂಗ ಆ ಹಂಗಾಮಿನಾಗ ಮುನವಳ್ಳಿ ಸುತ್ತಲಿನ ಹೊಲಗಳೆಲ್ಲಾ ಡಬಲ್ ಸೀಟಿಯಿಂದ ಎದ್ದು ಸಿಂಗಲ್ ಸೀಟಿಗೆ ಮಲಗಾಕ ಹತ್ತಿದವು. ಡ್ರೋನಿಗೆ ಒಂದು ಗೀರು ಬೀಳಲಿಲ್ಲ.

ಸುದ್ದಿ ಕಟಕೋಳಕ್ಕ ಮುಟ್ಟಿತು. ಅಲ್ಲಿಯ ರೈತರು, ನಮ್ಮ ಕಡ್ಲಿಗೆಲ್ಲಾ ನೀವ ಹೊಡೀರಿ, ಆದ್ರ ಮೊದಲ ಬರೇ ನೀರು ಹೊಡದು ತೋರಸರಿ, ಅನುಭವ ಎಷ್ಟೈತಿ ನೋಡತೇವಿ ಅಂದ್ರು. ಹಿಂದಿನ ದಿವಸ ಮಾವ ಪದಕ ಎರಡು ಸಲ ತಿಕ್ಕಿದ. ಚಳಿಗಾಲದ ಮುಂಜಾನಿ, ಊರ ಹಿರಿಯರೊಬ್ಬರು ಕಂಬಳಿ ಹೊದ್ದು ಒಡ್ಡಿನ ಬಾಜೂಕ ಕುಂತಿದ್ರು. ನಾನೂ ಹೋಗಿದ್ನಿ. ಅತ್ತಿ ಆ ತುದ್ಯಾಗ ದೂರ ನಿಂತು ಡಬಲ್ ಸೀಟಿ ಹೊಡದಳು. ಗಾಡಿ ಎದ್ದಿತು.

ಈಗ ಒಂದು ಮಾತು ಹೇಳಬೇಕು. ಹಸಿ ಕಡ್ಲಿ ಕಂಡ್ರ ಸುಮ್ಮನ ನಿಲ್ಲೂ ಹೆಣ್ಣಮಗಳು ನಮ್ಮ ಸೀಮ್ಯಾಗ ಇನ್ನೂ ಹುಟ್ಟಿಲ್ಲ. ಅತ್ತಿ ನಿಂತಲ್ಲಿಂದ ಬಾಜೂದವರ ಹೊಲಕ್ಕ ಒಂದು ಹೆಜ್ಜಿ ಇಟ್ಟಳು. ಒಂದು ಗಿಡ ಕಿತ್ತಳು, ಕಾಯಿ ಬಾಯಾಗ ಹಾಕ್ಕೊಂಡಳು. ಮತ್ತೊಂದು ಗಿಡ ಕಿತ್ತಳು. ತಿನಕೋತ, ಮಾತ ಕೊಟ್ಟಿದ್ದು ಮರತು, ಒಡ್ಡಿನ ಮ್ಯಾಲ ಹತ್ತಿ ನಿಂತಳು. ಒಡ್ಡು ಎತ್ತರ, ಡ್ರೋನ್ ಹಾರೂದು ತೆಳಗ. ತಿರಗಿ ನೋಡಿದ್ರ ಅದು ಎದಿ ಮಟ್ಟಕ್ಕ ಬಂದಬಿಟ್ಟೈತಿ. ಸೀಟಿ ಊದಬೇಕಂದ್ರ ಬಾಯಿ ತುಂಬ ಕಡ್ಲಿ. ಏನೂ ತೋಚದ ಅತ್ತಿ ಕೈ ಎತ್ತಿದಳು.

ಮಾವ ಡ್ರೋನ್ ಮ್ಯಾಲ ಎತ್ತಿದ್ರ ಸಾಕಿತ್ತು, ಆಕಿ ತಲಿ ಮ್ಯಾಲಿಂದ ಹೋಗತಿತ್ತು. ನಿನ್ನೆ ಕಲತ ಹುಡಗರಿಗೂ ಗೊತ್ತಿರೂ ವಿಷಯ. ಮಾವಗೂ ಗೊತ್ತಿತ್ತು. ಆದ್ರ ಅವನ ಬಲಗಾಲು ಬ್ರೇಕ್ ಒತ್ತಿದಂಗ ನೆಲಾ ಒತ್ತಿತು, ಕೈನೂ ಕೂಡೇ ರಿಮೋಟಿನ ಕಡ್ಡಿ ತೆಳಗ ಒತ್ತಿತು. ಡ್ರೋನ್ ಮೂಗ ಮುರಕೊಂಡು ಕಡ್ಲ್ಯಾಗ ಬಿತ್ತು. ಎರಡು ರೆಕ್ಕಿ ಮುರದು ಅತ್ತಾಗೊಂದು ಇತ್ತಾಗೊಂದು ಹಾರಿದವು.

ಮಾವ ರಿಮೋಟ್ ಅಲ್ಲೇ ಒಗದು ಓಡಿದ. ಅವ ಓಡಿದ್ದು ನಾ ಹುಟ್ಟಿದಾಗಿನಿಂದ ನೋಡಿಲ್ಲ. ಡ್ರೋನ್ ದಾಟಿ ಹೋದ, ಅದರ ಕಡೆ ನೋಡಲಿಲ್ಲ. ಅತ್ತಿಯ ಎರಡೂ ರಟ್ಟಿ ಹಿಡದು ನೋಡಿದ, ಮಾರಿ ನೋಡಿದ, ಎಲ್ಲೂ ಏನೂ ಆಗಿಲ್ಲ ಅಂತ ಗೊತ್ತಾದ ಮ್ಯಾಲ ಒಡ್ಡಿನ ಮ್ಯಾಲ ಕುಸದು ಕುಂತ. ಅತ್ತಿ ಬಾಯಾಗಿನ ಕಡ್ಲಿ ನುಂಗಿ ಅಂದಳು, “ಅಂತೂ ನನ್ನ ಕೈಗೆ ಒಂದ ಸಲ ನಿಲ್ಲಸಿದ್ರಿ.”

ಮಾವ ತನ್ನ ಕೈ ಮುಂದ ಚಾಚಿದ. ಗಡಗಡ ನಡಗಾಕ ಹತ್ತಿತ್ತು.

“ನೋಡು ಇದನ್ನ. ಇದಕ್ಕ ನಿನ್ನ ಗಾಡ್ಯಾಗ ಹತ್ತಿಸಿಕೊಂಡಿಲ್ಲ. ನೀ ಹಿಂದ ಕುಂತ್ರ ನಾ ರಸ್ತೆ ನೋಡತಿದ್ದಿಲ್ಲ, ಕನ್ನಡಿ ನೋಡತಿದ್ದೆ. ಅಷ್ಟು ಮಂದಿ ಜೀವ ಇರತಿತ್ತು ನನ್ನ ಕೈಯಾಗ.”

ಅತ್ತಿ ಸೆರಗಿನಿಂದ ಅವನ ಹಣಿ ಒರಸಿದಳು. ಸೊಕ್ಕು ಅಂತ ಹೆಸರಿಟ್ಟಾಕಿ ನಾ, ಆ ಕಡೆ ತಿರಗಿ ರೆಕ್ಕಿ ಆರಿಸಾಕ ಹೋದ್ನಿ.

ಕಂಬಳಿ ಹೊದ್ದ ಹಿರಿಯರು ಎದ್ದು ಬಂದ್ರು. ಮಾವ ತಲಿ ತಗ್ಗಿಸಿ, “ಗಾಡಿ ಬಿತ್ತರಿ. ನಾಳೆ ಪದಕ ತಂದು ಗುಂಪಿನವರ ಮುಂದ ಇಡತೇನಿ” ಅಂದ. ಅವರು ಅಂದ್ರು, “ಪದಕ ನಿಮ್ಮ ಗ್ವಾಡಿಗೇ ಇರಲಿ ಬಿಡ್ರಿ. ಮನಶಾರು ಅಡ್ಡ ಬಂದ್ರ ಡ್ರೋನ್ ಬಿದ್ರ ಬೀಳಲಿ ಅನ್ನಾಂವ ನಮಗ ಬೇಕಾಗಿದ್ದ. ರಿಪೇರಿ ಮಾಡಿಸಿಕೊಂಡು ಬರ್ರಿ. ಯಕ್ಕಾ, ಬರೂವಾಗ ಮನ್ಯಾಗ ಉಂಡು ಬಾ.”

ಮುರದ ಡ್ರೋನ್ ಟಂಟಂ ರಿಕ್ಷಾದಾಗ ಹೋತು, ನಾವು ಮೂವರೂ ರಸ್ತೆಗೆ ಬಂದು ನಿಂತಿವಿ. ಬಸ್ ಕಂಡಿತು. ಮಾವ ಕೈ ಎತ್ತಲಿಲ್ಲ, ಅತ್ತಿ ಎತ್ತಿದಳು. ನಿಂತಿತು. ಹೆಣ್ಣಮಕ್ಕಳಂತ ಅತ್ತಿಗೂ ನನಗೂ ಕಂಡಕ್ಟರ್ ಪುಕ್ಕಟ ಟಿಕೀಟು ಹರದ, ಮೂವತ್ತು ವರ್ಷ ಬಸ್ ಹೊಡದಾಂವ ರೊಕ್ಕಾ ಕೊಟ್ಟು ತಗೊಂಡ. ಅತ್ತಿಯನ್ನ ಕಿಡಕಿ ಕಡೆ ಕುಂಡ್ರಿಸಿ ಮಾವ ಬಾಜೂಕ ಕುಂತ. ಎದರಿಗೆ ಟ್ರ್ಯಾಕ್ಟರ್ ಬಂದ್ರ ಅವನ ಬಲಗಾಲು ನೆಲಾ ಒತ್ತೂದು, ತಿರುವಿನಾಗ ಕೈ ಇಲ್ಲದ ಸ್ಟೇರಿಂಗ್ ತಿರಗಸೂದು. ಅತ್ತಿ ಅವನ ತೊಡಿ ಮ್ಯಾಲ ಕೈ ಇಟ್ಟಳು.

“ಬಿಡ್ರಿ. ರಸ್ತೆ ಅವ ನೋಡತಾನ. ನೀವು ನನ್ನ ನೋಡ್ರಿ.”

ಮುನವಳ್ಳಿ ಬರೋತನಕ ಮಾವ ರಸ್ತೆ ಕಡೆ ತಿರಗಲಿಲ್ಲ.