ಹತ್ತೊಂಬತ್ತನೆಯ ಗೀತಾ

ರತ್ನಳ ಕಾಗದ ನಾಲ್ಕು ಪುಟವಿತ್ತು. ಮಗುವಿನ ಮೂಗು ಯಾರದು, ಹಣೆ ಯಾರದು, ಹಾಲು ಕುಡಿದ ಮೇಲೆ ಎಷ್ಟು ಸಲ ಬಿಕ್ಕುತ್ತದೆ ಎಂಬ ವರದಿಯೆಲ್ಲ ಮುಗಿದು, ಅಂಚಿನಲ್ಲಿ ಉಳಿದ ಜಾಗ ದಂಡವಾಗಬಾರದೆಂದು ಬರೆದಂತೆ ಒಂದು ಸಾಲು ಇತ್ತು: ‘ಹೆಸರು ಗೀತಾ ಅಂತ ಇಡೋದು ಅಂತ ಇಲ್ಲಿ ಎಲ್ಲರೂ ಒಪ್ಪಿದ್ದೇವೆ.’

ಓದುತ್ತಿದ್ದ ನಿತ್ಯಾನಂದ ಚೇಳು ಕಂಡವನ ಹಾಗೆ ಎದ್ದು ನಿಂತ.

ಕಾರಣವಿತ್ತು. ತಿರುವನಂತಪುರದಲ್ಲಿ ಅವನಿದ್ದ ಲಾಡ್ಜಿನ ಕಿಟಕಿಯ ಕೆಳಗೆ ಬೀದಿಯ ನಲ್ಲಿ. ಸಂಜೆ ಯಾರಾದರೊಬ್ಬ ತಾಯಿ ಬಾಗಿಲಿಗೆ ಬಂದು “ಗೀತೇ!” ಎಂದು ಕೂಗಿದರೆ ಸಾಕು, ಮೂಟೆ ಹರಿದು ಕಡಲೆ ಉರುಳಿದಂತೆ ಬೀದಿಯ ಎರಡೂ ಕಡೆಯಿಂದ ಹುಡುಗಿಯರು ಉರುಳಿಕೊಂಡು ಬರುತ್ತಿದ್ದರು. ಒಂದು ರಜೆಯ ದಿನ ಬೇರೆ ಕೆಲಸವಿಲ್ಲದೆ ಅವನು ಎಣಿಸಿದ್ದ. ಹದಿನೆಂಟು!

‘ಭಗವದ್ಗೀತೆಗೆ ಹದಿನೆಂಟೇ ಅಧ್ಯಾಯ,’ ಎಂದು ಅವನು ಆ ರಾತ್ರಿಯೇ ಉತ್ತರ ಬರೆದ. ‘ಹತ್ತೊಂಬತ್ತನೆಯದು ನಮ್ಮ ಮನೆಯಿಂದ ಬೇಡ. ಮಗು ಹುಟ್ಟಿದ್ದು ಆರಿದ್ರಾ ಒಂದನೇ ಪಾದ, ಬರುವ ಅಕ್ಷರ ಕು. ನಾನು ಹೆಸರು ಹುಡುಕಿದ್ದೇನೆ. ಕುರಂಗನಯನಾ. ಕುರಂಗ ಅಂದರೆ ಜಿಂಕೆ. ಜಿಂಕೆಗಣ್ಣಿನವಳು. ಇಂಥ ಹೆಸರು ಇಡೀ ಕೇರಳದಲ್ಲಿ ಇನ್ನೊಂದು ಸಿಕ್ಕಿದರೆ ನಾನು ಮೀಸೆ ಬೋಳಿಸುತ್ತೇನೆ. ಇದೇ ಇಡುವುದಾದರೆ ತೊಟ್ಟಿಲ ಶಾಸ್ತ್ರಕ್ಕೆ ಬರುತ್ತೇನೆ. ಇಲ್ಲವಾದರೆ ಇಲ್ಲ.’

ನಿತ್ಯಾನಂದ ತುಮಕೂರಿನ ಕಡೆಯವನು. ಕೇಂದ್ರ ಸರ್ಕಾರದ ಒಂದು ಕಚೇರಿಗೆ ವರ್ಗವಾಗಿ ಬಂದು ಐದು ತಿಂಗಳಾಗಿತ್ತು. ಅವನಿಗೆ ಬರುತ್ತಿದ್ದ ಮಲಯಾಳ ಮೂರೇ ಮಾತು: ಚೋರು, ವೆಳ್ಳಂ, ಮತಿ. ಅನ್ನ, ನೀರು, ಸಾಕು. ಇದರಾಚೆಗೆ ಮನುಷ್ಯನಿಗೆ ಭಾಷೆ ಯಾತಕ್ಕೆ ಬೇಕು ಎಂಬುದು ಅವನ ವಾದ. ಮಾವ ಜನಾರ್ದನರಾಯರು ಬ್ಯಾಂಕಿನವರು. ಅವರೂ ಶಿವಮೊಗ್ಗದಿಂದ ವರ್ಗವಾಗಿ ಕೊಚ್ಚಿಗೆ ಬಂದು, ಪಾಲಾರಿವಟ್ಟದಲ್ಲಿ ಮನೆ ಹಿಡಿದು ನಾಲ್ಕು ತಿಂಗಳು. ರತ್ನ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದಳು.

ಅವನ ಕಾಗದಕ್ಕೆ ಉತ್ತರ ಬರಲಿಲ್ಲ. ಎರಡು ವಾರ ಮೌನ. ಆಮೇಲೆ ಮಾವನಿಂದ ಒಂದು ಕಾರ್ಡು: ‘ಭಾನುವಾರ ಸಂಜೆ ಐದಕ್ಕೆ ಮುಹೂರ್ತ. ತಪ್ಪದೆ ಬರುವುದು.’ ಹೆಸರಿನ ಸುದ್ದಿಯೇ ಇಲ್ಲ. ಯುದ್ಧ ಅಲ್ಲೇ ಮುಖಾಮುಖಿ ನಡೆಯಲಿದೆ ಎಂದು ನಿತ್ಯಾನಂದ ತಿಳಿದುಕೊಂಡ. ರಜೆ ಸಿಗದೆ ಮಗುವಿನ ಮುಖವನ್ನು ಅವನಿನ್ನೂ ನೋಡಿರಲಿಲ್ಲ. ಷರತ್ತು ಏನೇ ಬರೆದಿದ್ದರೂ ಹೋಗದೆ ಇರುವ ಧೈರ್ಯ ಅವನಿಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನನ್ನು ರೈಲು ಹತ್ತಿಸಲು ಪರಮೇಶ್ವರ ಬಂದ. ಅದೇ ಕಚೇರಿಯವನು, ಅದೇ ಲಾಡ್ಜಿನ ಪಕ್ಕದ ಕೋಣೆಯವನು, ಕಾಸರಗೋಡಿನ ಕನ್ನಡಿಗ. ಮಲಯಾಳ ನೀರು ಕುಡಿದಷ್ಟು ಸಲೀಸು. ಇನ್ನೊಬ್ಬರ ಸಂಗತಿ ತಿಳಿಯದೆ ಇದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

“ಹೆಸರು ಎಂತ ಇಡ್ತೀರಿ? ಈಗಲಾದ್ರೂ ಹೇಳಿ ಮಾರಾಯ್ರೆ.”

“ಹೇಳಲ್ಲ. ನಿಮ್ಮ ತಂಗಿ ಬಸುರಿ ಅಂತ ನೀವೇ ಹೇಳಿದ್ರಿ.”

“ಅಯ್ಯೋ ದೇವ್ರೇ! ನಿಮ್ಮ ಹೆಸರನ್ನು ಕದ್ದು ನಾನೆಂತ ಉಪ್ಪಿನಕಾಯಿ ಹಾಕ್ಲಿಕ್ಕೆ ಉಂಟಾ?”

ನಿತ್ಯಾನಂದ ರೈಲು ಹತ್ತಿ ಕಿಟಕಿಯ ಪಕ್ಕ ಕೂತ. ತಿಂಗಳಿನಿಂದ ಆ ಹೆಸರನ್ನು ಅವನು ಬ್ಯಾಂಕಿನ ಬೀಗದ ಕೈಯಂತೆ ಕಾಪಾಡಿಕೊಂಡಿದ್ದ. ಆದರೆ ಗುಟ್ಟು ಅನ್ನುವುದು ಹೊಟ್ಟೆಯಲ್ಲಿ ಎಷ್ಟು ದಿನ ತಾನೇ ನಿಂತೀತು? ಗಾರ್ಡು ಸೀಟಿ ಊದಿ ರೈಲು ಅಲುಗಿದ ಕೂಡಲೇ, ಇನ್ನು ಯಾರೂ ಕದಿಯಲಾರರು ಎಂಬ ಧೈರ್ಯ ಬಂತು. ಅವನು ಕಿಟಕಿಯಿಂದ ತಲೆ ಹಾಕಿ ಕೂಗಿದ: “ಕುರಂಗನಯನಾ!”

ಪರಮೇಶ್ವರ ಒಂದು ಕ್ಷಣ ಕಂಬದ ಹಾಗೆ ನಿಂತ. ಮರುಕ್ಷಣ ಪಂಚೆ ಎತ್ತಿ ಕಟ್ಟಿ ರೈಲಿನ ಜೊತೆ ಓಡತೊಡಗಿದ. ಕೈ ಬೀಸಿದ. ತಲೆಯಾಡಿಸಿದ. ಏನೋ ಕೂಗಿದ. ಚಕ್ರದ ಸದ್ದಿನಲ್ಲಿ ನಿತ್ಯಾನಂದನಿಗೆ ಕೇಳಿಸಿದ್ದು ಇಷ್ಟೇ: “ಮಂಗ... ಮಂಗ...!”

‘ಮಂಗಳವಾಗಲಿ ಅನ್ನುತ್ತಿದ್ದಾನೆ. ಬಾಯಿ ಬಡುಕನಾದರೂ ಮನಸ್ಸು ಒಳ್ಳೆಯದು,’ ಎಂದುಕೊಂಡು ನಿತ್ಯಾನಂದ ಎರಡೂ ಕೈ ಎತ್ತಿ ಮುಗಿದ. ಪ್ಲಾಟ್‌ಫಾರಂ ಮುಗಿಯುವ ತುದಿಯಲ್ಲಿ ಪರಮೇಶ್ವರ ತಲೆಯ ಮೇಲೆ ಕೈಯಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತದ್ದು ಕಂಡಿತು. ಓಡಿ ಸುಸ್ತಾಗಿರಬೇಕು, ಪಾಪ.

ಕೊಲ್ಲಂ ದಾಟಿ ಕೋಟ್ಟಯಂ ಕಡೆಗೆ ಹಳಿ ಬಿದ್ದು ಇನ್ನೂ ವರ್ಷ ತುಂಬಿರಲಿಲ್ಲ. ಊರೂರಲ್ಲೂ ಜನ ರೈಲು ನೋಡಲು ಬೇಲಿಗೆ ಆತು ನಿಂತಿದ್ದರು. ಎದುರಿನ ಸೀಟಿನಲ್ಲಿ ಒಬ್ಬರು ನಿವೃತ್ತ ಹೆಡ್ಮಾಸ್ಟರು, ಎಲ್ಲರೂ ‘ಮಾಷೇ’ ಎಂದು ಕರೆಯುತ್ತಿದ್ದರು. ಮಂಗಳೂರಿನಲ್ಲಿ ಎಂಟು ವರ್ಷ ಪಾಠ ಹೇಳಿದ್ದರಂತೆ. ಪುಸ್ತಕದ ಹಾಗಿರುವ ಕನ್ನಡದಲ್ಲಿ ವಿಚಾರಿಸಿದರು.

“ತಾವು ಎಲ್ಲಿಗೆ ಪ್ರಯಾಣ?”

“ಮಗಳ ನಾಮಕರಣಕ್ಕೆ ಸಾರ್.”

“ಸಂತೋಷ. ಏನು ಹೆಸರು?”

ಒಮ್ಮೆ ಬಾಯಿಂದ ಹೊರಬಿದ್ದ ಗುಟ್ಟಿಗೆ ಎರಡನೆಯ ಸಲ ನಾಚಿಕೆ ಇರುವುದಿಲ್ಲ. “ಕುರಂಗನಯನಾ,” ಎಂದ ನಿತ್ಯಾನಂದ, ಎದೆಯುಬ್ಬಿಸಿ.

ಮಾಷರ ಬಾಯಲ್ಲಿದ್ದ ಕರಿದ ಬಾಳೆಕಾಯಿ ಉಪ್ಪೇರಿ ಕಟುಮ್ಮೆನ್ನುವುದು ನಿಂತುಹೋಯಿತು. ಪಕ್ಕದಲ್ಲಿ ಮೊಮ್ಮಗನನ್ನು ಮಲಗಿಸಿಕೊಂಡಿದ್ದ ಅಜ್ಜಿ ಕಣ್ಣರಳಿಸಿ ನೋಡಿದಳು. ಬಾಗಿಲ ಬಳಿ ನಿಂತಿದ್ದ ಇಬ್ಬರು ಕಾಲೇಜು ಹುಡುಗರು ಮುಖ ಹೊರಗೆ ತಿರುಗಿಸಿದರು. ಅವರ ಬೆನ್ನು ಮಾತ್ರ ಕುಣಿಯುತ್ತಿತ್ತು.

“ತಾವು,” ಮಾಷ್ ಗಂಟಲು ಸರಿಮಾಡಿಕೊಂಡರು, “ಈ ಮಗುವನ್ನು ಕೇರಳದಲ್ಲಿಯೇ ಬೆಳೆಸುತ್ತೀರೋ?”

“ಹೌದು. ಯಾಕೆ?”

“ಸಂಸ್ಕೃತದಲ್ಲಿ ಕುರಂಗ ಜಿಂಕೆಯೇ. ತಪ್ಪಿಲ್ಲ. ಆದರೆ ಇಲ್ಲಿಯ ಜನ ಸಂಸ್ಕೃತದಲ್ಲಿ ನಗುವುದಿಲ್ಲವಲ್ಲ. ಮಲಯಾಳದಲ್ಲಿ ಕುರಂಗು ಎಂದರೆ ಕೋತಿ.”

ನಿತ್ಯಾನಂದನಿಗೆ ರೈಲು ಹಳಿಯಿಂದ ಎದ್ದು ಕಾಯಲಿನ ಹಿನ್ನೀರಿಗೆ ಬಿದ್ದ ಹಾಗಾಯಿತು. ಪರಮೇಶ್ವರ ಹಾರೈಸಿದ್ದು ಮಂಗಳವಲ್ಲ, ಮಂಗ! ಕೋತಿಗಣ್ಣಿನವಳು! ಇನ್ನೂ ಕಂಡಿರದ ಮಗಳ ಮುಖದ ಜಾಗದಲ್ಲಿ ಈಗ ಕೊಂಬೆಯಿಂದ ಕೊಂಬೆಗೆ ಏನೋ ಜಿಗಿಯತೊಡಗಿತು. ಶಾಲೆಗೆ ಸೇರುತ್ತಾಳೆ, ಹಾಜರಿ ಕೂಗುತ್ತಾರೆ, ನಲವತ್ತು ಮಕ್ಕಳು ಮೈ ಕೆರೆದುಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ಹೆಸರು ಕೇಳಿ ಬಾಳೆಹಣ್ಣು ಕೊಡುತ್ತಾರೆ. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತು.

“ಬೇರೆ ಹೆಸರು ಯೋಚಿಸಿದ್ದೀರೋ?”

“ನನ್ನ ಹೆಂಡತಿ ಗೀತಾ ಅಂತಾಳೆ. ಆದ್ರೆ ಸಾರ್, ಎಲ್ಲಿ ನೋಡಿದ್ರೂ ಗೀತಾ...”

“ಇರಲಿ ಬಿಡಿ! ನನ್ನ ತರಗತಿಯಲ್ಲಿ ಒಮ್ಮೆ ಒಂಬತ್ತು ಗೀತೆಯರಿದ್ದರು. ಒಬ್ಬಳು ಅತ್ತರೆ ಎಂಟು ಜನ ಸಮಾಧಾನ ಮಾಡುತ್ತಿದ್ದರು. ನನ್ನ ತಂದೆ ನನಗೆ ಯಾರಿಗೂ ಇಲ್ಲದ ಹೆಸರಿಟ್ಟರು. ಅದೇನೆಂದು ಈ ಡಬ್ಬಿಯಲ್ಲಿ ಹೇಳಲಾರೆ. ನಲವತ್ತು ವರ್ಷದಿಂದ ನಾನು ಬರೀ ಮಾಷ್.”

ಮುದುಕರು ನಕ್ಕರು, ಆದರೆ ಕಣ್ಣು ನಗಲಿಲ್ಲ. ಅಷ್ಟರಲ್ಲಿ ಮಾತಿನ ತಾತ್ಪರ್ಯ ಅಜ್ಜಿಗೂ ಮುಟ್ಟಿತ್ತು. “ಗೀತ ಮತಿ ಮೋನೇ, ಗೀತ ಮತಿ,” ಎಂದಳು. ಸಾಕು ಮಗನೇ, ಗೀತವೇ ಸಾಕು. ತನಗೆ ಗೊತ್ತಿದ್ದ ಮೂರರಲ್ಲಿ ಒಂದು ಮಾತು ಇಷ್ಟು ಜೋರಾಗಿ ಕೆನ್ನೆಗೆ ಬಾರಿಸೀತೆಂದು ನಿತ್ಯಾನಂದ ಎಣಿಸಿರಲಿಲ್ಲ.

ಕೋಟ್ಟಯಂ ಬಂದದ್ದೇ ಅವನು ಧುಮುಕಿ ತಂತಿ ಕಳಿಸುವ ಕಿಟಕಿಗೆ ಓಡಿದ. ಫಾರಂ ಎಳೆದುಕೊಂಡು ಬರೆದ: ‘ಕುರಂಗನಯನಾ ರದ್ದು. ಗೀತಾ ಇಡಿ. ನಿತ್ಯಾನಂದ.’ ಇಂಗ್ಲಿಷಿನಲ್ಲಿ ಬರೆದದ್ದನ್ನು ಗುಮಾಸ್ತ ಒಂದೊಂದೇ ಅಕ್ಷರ ಬಿಡಿಸಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಕನ್ನಡಕದ ಮೇಲಿಂದ ನೋಡಿ ಇಂಗ್ಲಿಷಿನಲ್ಲಿ ಕೇಳಿದ: “ಸರ್ಕಸ್ ಕಂಪನಿಯವರೋ?”

“ಅಲ್ಲ!”

“ಕೋತಿಯ ಆಟ ರದ್ದು, ಸರಿ. ಗೀತಾ ಅಂದರೆ ಹುಲಿಯೋ, ಆನೆಯೋ?”

“ನನ್ನ ಮಗಳು!” ಎಂದು ಕಿರುಚಿದ ನಿತ್ಯಾನಂದ. ಗುಮಾಸ್ತ ಬೆಚ್ಚಿ ಕಟಕಟನೆ ತಂತಿ ಬಡಿದ. ರೈಲು ಹೊರಟಿತ್ತು. ಕಾಲೇಜು ಹುಡುಗರಿಬ್ಬರು ಅವನ ತೋಳು ಹಿಡಿದು, ಹಲಸಿನಕಾಯಿ ಎಳೆದುಕೊಳ್ಳುವಂತೆ ಡಬ್ಬಿಯೊಳಗೆ ಎಳೆದುಕೊಂಡರು.

ತಂತಿ ಹೋಯಿತು, ಇನ್ನು ಭಯವಿಲ್ಲ ಎಂದುಕೊಳ್ಳುವಷ್ಟರಲ್ಲಿ ಹಳಿಯ ಮೇಲೆ ಎಮ್ಮೆಯೊಂದು ಮಲಗಿತು. ರೈಲನ್ನು ಅದೂ ಮೊದಲ ಸಲ ನೋಡುತ್ತಿದ್ದಿರಬೇಕು, ಏಳಲೊಲ್ಲದು. ಡ್ರೈವರು ಕೂಗಿದ, ಫೈರ್‌ಮನ್ ಇಳಿದು ಬಾಲ ತಿರುಚಿದ. ಕೊನೆಗೆ ಎಮ್ಮೆಯ ಒಡತಿ ಬಂದು ಪ್ರೀತಿಯಿಂದ ಹೆಸರು ಹಿಡಿದು ಕರೆದಾಗ ಎದ್ದುಹೋಯಿತು. ಎಮ್ಮೆಗಾದರೂ ಗೌರವದ ಹೆಸರಿದೆ ಎಂದು ನಿತ್ಯಾನಂದನ ಕರುಳು ಚುರುಕ್ಕೆಂದಿತು.

ಎರ್ನಾಕುಲದಲ್ಲಿ ಇಳಿದಾಗ ಐದೂಕಾಲು. ಸೈಕಲ್ ರಿಕ್ಷಾದವನ ಬೆನ್ನು ತಟ್ಟುತ್ತ, ಏರಿನಲ್ಲಿ ತಾನೂ ಇಳಿದು ತಳ್ಳುತ್ತ, ಪಾಲಾರಿವಟ್ಟ ಮುಟ್ಟುವ ಹೊತ್ತಿಗೆ ಆರು ಹೊಡೆದಿತ್ತು. ಗೇಟಿನಲ್ಲಿ ಜನಾರ್ದನರಾಯರು ನಿಂತಿದ್ದರು. ಕೈಯಲ್ಲಿ ತಂತಿ.

“ತಂತಿ ಬಂತಾ ಮಾವ?”

“ಬಂತು. ನಾಲ್ಕೂವರೆಗೇ ಬಂತು.”

“ಸದ್ಯ, ಬದುಕಿದೆ!” ನಿತ್ಯಾನಂದ ಗೇಟಿನ ಕಂಬಕ್ಕೆ ಒರಗಿದ. “ಹಾಗಾದ್ರೆ ಗೀತಾ ಅಂತ ಇಟ್ರಿ.”

ರಾಯರು ಅವನನ್ನು ಕರುಣೆಯಿಂದ ನೋಡಿದರು. “ಒಳಗೆ ಹೋಗು. ಅವಳೇ ಹೇಳ್ತಾಳೆ. ನಾನು ಹೇಳೋದೆಲ್ಲ ಹೇಳಿದೆ.”

ಒಳಗೆ ನಡುಮನೆಯಲ್ಲಿ ಹೂವು ಸುತ್ತಿದ ತೊಟ್ಟಿಲು. ಸುತ್ತ ಬೀದಿಯ ಮಲಯಾಳಿ ಹೆಂಗಸರು ಕೈಯಲ್ಲಿ ಕಡಲೆ, ಬೆಲ್ಲ ಹಿಡಿದು, ತಿನ್ನುವುದನ್ನೂ ಮರೆತು ಕೂತಿದ್ದರು. ಹಸಿರು ಸೀರೆಯುಟ್ಟ ರತ್ನ ಅವನನ್ನು ಕಂಡು ಮದುವೆಯ ದಿನವೂ ಮಾಡಿರದಷ್ಟು ದೊಡ್ಡ ನಗೆ ಮಾಡಿದಳು.

“ಬಂದ್ರಾ! ನೋಡಿ, ನಿಮ್ಮ ಮಾತು ಉಳಿಸಿದೀನಿ.”

“ಯಾವ ಮಾತು?”

“ಮೊದಲು ನಿಮ್ಮ ಕಾಗದ ನೋಡಿ ಎರಡು ದಿನ ಅತ್ತೆ. ಆಮೇಲೆ ಮಗೂನ ಕಣ್ಣು ನೋಡ್ತಾ ನೋಡ್ತಾ ಅನ್ನಿಸ್ತು, ಅವರು ಹೇಳಿದ್ದೇ ಸರಿ, ಜಿಂಕೆ ಕಣ್ಣೇ ಇದು. ಅಪ್ಪಂಗೆ ಮಾತ್ರ ಕೊನೇತನಕ ಇಷ್ಟ ಇಲ್ಲ. ಅದಕ್ಕೇ ಇವತ್ತು ಯಾರ ಕೈಲೋ ಒಂದು ಸುಳ್ಳು ತಂತಿ ಹೊಡೆಸಿದಾರೆ! ಗೀತಾ ಇಡಿ ಅಂತೆ, ನಿತ್ಯಾನಂದ ಅಂತೆ! ನಂಗೆ ಗೊತ್ತಿಲ್ವಾ ನಿಮ್ಮ ಹಟ? ನೀವು ಸೋತೆ ಅಂತ ತಂತಿ ಹೊಡೆಯೋ ಗಂಡಸಾ? ತಂತೀನ ಅಪ್ಪನ ಕೈಗೇ ಕೊಟ್ಟು, ಮಗೂನ ಕಿವೀಲಿ ನಾನೇ ಮೂರು ಸಲ ಹೇಳಿದೆ. ಕುರಂಗನಯನಾ!”

ನಿತ್ಯಾನಂದ ಅಲ್ಲೇ ಇದ್ದ ಮಣೆಯ ಮೇಲೆ ಕುಸಿದ.

“ಹೆಸರು ಜೋರಾಗಿ ಹೇಳಿದಾಗ ನೀವಿರಬೇಕಿತ್ತು,” ರತ್ನ ಹಿಗ್ಗಿದಳು. “ಒಬ್ಬರಿಗೂ ಮಾತೇ ಹೊರಡಲಿಲ್ಲ! ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತುಬಿಟ್ರು. ಇಂಥ ಹೆಸರು ಕೇಳೇ ಇರಲಿಲ್ಲವೇನೋ ಪಾಪ.”

“ರತ್ನಾ, ಆ ತಂತಿ ನಂದೇ ಕಣೆ. ಮಲಯಾಳದಲ್ಲಿ ಅದರ ಅರ್ಥ ಕೋತಿ. ಕೋತಿ!”

ರತ್ನಳ ನಗೆ ಆರಿತು. ಅವನನ್ನು ನೋಡಿದಳು, ಗೇಟಿನ ಕಡೆ ನೋಡಿದಳು. “ಗೇಟಲ್ಲಿ ಅಪ್ಪ ನಿಮಗೂ ಪಾಠ ಹೇಳಿಕೊಟ್ರಾ? ನಾನು ಗೀತಾ ಅಂದಾಗ ನಿಮಗೆ ಅದು ಬೇಡ. ನಾನು ಇದನ್ನ ಒಪ್ಪಿದ ಮೇಲೆ ಇದೂ ಬೇಡ. ಹೆಸರಲ್ಲ ನಿಮಗೆ ಬೇಡದೇ ಇರೋದು, ನನ್ನ ಮಾತು.”

“ದೇವರಾಣೆ...”

“ಆಣೆ ಯಾಕೆ? ಕೇಳೇಬಿಡೋಣ.” ಅವಳು ತಿರುಗಿ ತೊಟ್ಟಿಲ ಕಡೆ ಕೈಸನ್ನೆ ಮಾಡಿದಳು. “ಸರೋಜ ಚೇಚೀ, ಮಗೂಗೆ ಇಟ್ಟ ಹೆಸರು ಹೇಗಿದೆ?”

ಪಕ್ಕದ ಮನೆಯ ಸರೋಜ ಚೇಚಿ, ಎಂದರೆ ಸರೋಜಕ್ಕ, ಮರ್ಯಾದಸ್ಥ ಹೆಂಗಸು. ನಾಲ್ಕು ತಿಂಗಳಿನಿಂದ ಕೈಸನ್ನೆ, ಬಾಯಿಸನ್ನೆಯಲ್ಲೇ ರತ್ನಳ ಬಸಿರಿಗೂ ಬಾಣಂತನಕ್ಕೂ ಹೆಗಲು ಕೊಟ್ಟವಳು. ತುಂಬಿದ ಮನೆಯಲ್ಲಿ, ತೊಟ್ಟಿಲ ಮುಂದೆ, ಹಸಿ ಬಾಣಂತಿಯ ಮನಸ್ಸು ನೋಯಿಸುವುದುಂಟೇ? ಅವಳು ನೆಲ ನೋಡಿದಳು, ಸೂರು ನೋಡಿದಳು, ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

“ನಲ್ಲ ಪೇರಾಣು,” ಎಂದಳು. ಒಳ್ಳೆಯ ಹೆಸರು.

“ಕೇಳಿದ್ರಾ?” ರತ್ನ ಗೆದ್ದ ಕಣ್ಣಿನಿಂದ ಗಂಡನನ್ನು ನೋಡಿದಳು. ಮಗುವನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. ಬೆಚ್ಚಗಿನ ಪುಟ್ಟ ಗಂಟು. ಅದು ಕಣ್ಣು ತೆರೆದು ಅವನನ್ನೇ ನೋಡಿತು. ನಿಜವಾಗಿಯೂ ಜಿಂಕೆಯ ಕಣ್ಣು.

ಅವನ ಕಣ್ಣಲ್ಲಿ ನೀರು ಕಂಡು ರತ್ನಳ ಕೋಪ ಬೆಣ್ಣೆಯಾಯಿತು. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು: “ಹೆಸರು ಒಂಚೂರು ಉದ್ದ ಆಯ್ತು, ಅದು ನಿಜ. ಅದಕ್ಕೇ ದಿನಾ ಕರೆಯೋಕೆ ಅಂತ ಮುದ್ದಿಗೆ ಮೊಟಕು ಮಾಡಿದೀನಿ. ಇಗೋ ನೋಡಿ, ಹೇಗೆ ತಿರುಗಿ ನೋಡ್ತಾಳೆ.” ಎಂದವಳೇ ಚಪ್ಪಾಳೆ ತಟ್ಟಿ, ಬೀದಿಗೆಲ್ಲ ಕೇಳುವಂತೆ ಕರೆದಳು:

“ಕುರಂಗೂ... ಏ ಕುರಂಗೂ!”

ಸರೋಜ ಚೇಚಿ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು.