ಅತ್ತಿಯ ಕಂಪ್ಯೂಟರಿನೊಳಗಿನ ಮಂದಿ

ನಮ್ಮ ಅತ್ತಿ, ಅಂದರೆ ಅಪ್ಪನ ತಂಗಿ, ಬದುಕಿರುವವರ ಗುರುತು ಬೇಗ ಹಿಡಿಯುವುದಿಲ್ಲ. ಸತ್ತವರಾದರೆ ಕಂಡ ಕೂಡಲೇ ಹಿಡಿಯುತ್ತಾಳೆ!

ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಒಮ್ಮೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿ, ಮಾರುವವನ ಮುಖವನ್ನೇ ದಿಟ್ಟಿಸತೊಡಗಿದಳು. ಪಾಪ, ಅವನು ತಕ್ಕಡಿಯನ್ನು ಸರಿಯಾಗಿಯೇ ಹಿಡಿದಿದ್ದ.

“ನಿಂದು ತಿಕೋಟಾ ಹೌದಲ್ಲೋ?”

“ಹೌದ್ರಿ ಅಕ್ಕಾರ. ಹೆಂಗ ಗೊತ್ತಾತ್ರಿ?”

“ಇದು ನಿಮ್ಮ ಮುತ್ಯಾನ ಕಿವಿ. ಎಡಗಿವಿ. ಅದನ್ನ ನಾನ ರಿಪೇರಿ ಮಾಡೇನಿ!”

ಅವನು ಗಾಬರಿಯಿಂದ ಅಜ್ಜನಿಂದ ಬಂದ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಬದನೆಕಾಯಿ ತುಸು ಹೆಚ್ಚೇ ಹಾಕಿ ಕಳಿಸಿದ. ಇಂಥ ಕಣ್ಣಿನ ನಮ್ಮ ಅತ್ತಿ, ನಾನು ಮೀಸೆ ಬೋಳಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಎದುರಿಗೆ ನಿಂತು ನಕ್ಕರೆ, “ಯಾರ್ರಿ ನೀವು?” ಅಂದಳು. ಸ್ವಂತ ಅಣ್ಣನ ಮಗ ನಾನು!

ಅತ್ತಿ ತಿಕೋಟಾದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ರಿಟೈರ್ ಆದಮೇಲೆ ಮಂದಿ ಗುಡಿ, ಭಜನೆ ಅಂತ ಹೋಗುತ್ತಾರೆ. ಈಕೆ ಒಂದು ಕಂಪ್ಯೂಟರ್ ತಂದು, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ತನ್ನ ಮನೆಯ ಮಾಳಿಗೆಯ ಮೇಲೆ ಕೂತು, ಹಾಳಾದ ಹಳೆಯ ಫೋಟೊಗಳನ್ನು ಸರಿಮಾಡಲು ಹಿಡಿದಳು. ಅವಳ ಹಳೆಯ ವಿದ್ಯಾರ್ಥಿಗಳು ಸುತ್ತಲಿನ ಊರುಗಳಿಂದ ತರುತ್ತಿದ್ದರು. ಗೆದ್ದಲು ತಿಂದ ಅಜ್ಜ, ಮಳೆಯಲ್ಲಿ ತೊಯ್ದ ಅಜ್ಜಿ, ಮಡಚಿಟ್ಟು ನಡುವೆ ಸೀಳಿಹೋದ ಮದುಮಕ್ಕಳು. ಅತ್ತಿ ರೊಕ್ಕ ಮುಟ್ಟುವವಳಲ್ಲ. ಹಾಗಾಗಿ ಆ ಮನೆಯಲ್ಲಿ ಒಣದ್ರಾಕ್ಷಿ ಮತ್ತು ಶೇಂಗಾ ಎಂದೂ ಮುಗಿದದ್ದಿಲ್ಲ.

ಕೆಲಸ ಮಾಡುವಾಗ ಅವಳು ಆ ಫೋಟೊದವರ ಜೊತೆ ಮಾತಾಡುತ್ತಾಳೆ. ಮಾತಾಡುವುದೇನು, ಗದರಿಸುತ್ತಾಳೆ! ಕ್ಲಾಸಿನಲ್ಲಿ ಮೂವತ್ತು ವರ್ಷ ಗದರಿಸಿದ ಗಂಟಲು ಅದು. ಒಮ್ಮೆ ಮನೆಗೆ ಹೊಸ ಅತಿಥಿಯೊಬ್ಬರು ಬಂದಿದ್ದರು. ಮೇಲಿನಿಂದ ದನಿ ಕೇಳಿತು: “ಬಾಯಿ ಮುಚ್ಚಿ ಸುಮ್ನ ಕೂಡ್ರಿ ಗೌಡ್ರ, ಮೀಸಿ ಹಚ್ಚಾಕತ್ತೇನಿ!”

“ಮ್ಯಾಲ ಯಾರು ಬಂದಾರ್ರಿ?” ಎಂದು ಅತಿಥಿ ಕೇಳಿದರು.

ಮಾಮಾ, ಅಂದರೆ ಅತ್ತಿಯ ಗಂಡ, ಪೇಪರಿನಿಂದ ಕಣ್ಣೆತ್ತದೆ ಹೇಳಿದರು: “ಯಾರೋ ಗೌಡ್ರಂತ. ತೀರಿಕೊಂಡು ಭಾಳ ವರ್ಷ ಆಗೇತಿ.”

ಅತಿಥಿ ಚಹಾ ಕುಡಿಯದೇ ಎದ್ದುಹೋದರು.

ಇಂಥ ಸುಖದ ಸಂಸಾರಕ್ಕೆ ಕಲ್ಲು ಬಿದ್ದದ್ದು ಒಂದು ಬೆಳಿಗ್ಗೆ. ಕಂಪ್ಯೂಟರ್ ಹಚ್ಚಿದರೆ ಪರದೆಯ ಮೇಲೆ ಒಂದು ನೋಟೀಸು. ಈ ಸಿಸ್ಟಮ್ ಹಳೆಯದಾಯಿತು, ಇನ್ನು ಮುಂದೆ ಇದಕ್ಕೆ ಕಾವಲಿಲ್ಲ, ಹೊಸದಕ್ಕೆ ಹೋಗಿರಿ, ಆದರೆ ನಿಮ್ಮ ಈ ಮಷೀನಿಗೆ ಹೊಸದು ಒಗ್ಗುವುದಿಲ್ಲ! ಅತ್ತಿ ಇದನ್ನು ಸ್ವಂತಕ್ಕೆ ಹಚ್ಚಿಕೊಂಡಳು.

“ನೋಡೋ ತಮ್ಮಾ, ಇಂವ ನನ್ನ ಮತ್ತ ರಿಟೈರ್ ಮಾಡಾಕ ನಿಂತಾನ! ಸರ್ಕಾರ ಒಮ್ಮೆ ಮಾಡೇತಿ, ಅಷ್ಟ ಸಾಕು.”

ನಾನು ಅವಳನ್ನೂ ಕಂಪ್ಯೂಟರ್ ಡಬ್ಬಿಯನ್ನೂ ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಒಳ್ಳೆಯವ. ಹೊಸ ಮಷೀನ್ ತಗೊಳ್ಳಿ ಅಂದ. ಅತ್ತಿಯ ಫೋಟೊ ತಿದ್ದುವ ಸಾಫ್ಟ್‌ವೇರ್ ಅವಳು ಪಿಂಚಣಿಯ ಮೊದಲ ವರ್ಷದಲ್ಲಿ ಡಬ್ಬಿ ಸಮೇತ ಕೊಂಡದ್ದು. ಅದರ ಸುದ್ದಿ ತೆಗೆದಾಗ ಅವನು ತಲೆ ಕೆರೆದುಕೊಂಡ.

“ಅದನ್ನ ಈಗ ಯಾರೂ ಖರೀದಿ ಮಾಡಂಗಿಲ್ರಿ ಮೇಡಮ್. ತಿಂಗಳಾ ಬಾಡಿಗಿ ಕಟ್ಟಬೇಕ್ರಿ.”

“ಕಟ್ಟದಿದ್ರ?”

“ತೆರಿಯಂಗಿಲ್ರಿ.”

“ಅಂದ್ರ ನಾ ಮಾಡಿದ ಚಿತ್ರ ನಾ ನೋಡಬೇಕಂದ್ರ ಮತ್ತೊಬ್ಬರ ಬಾಗಿಲಾ ಬಡೀಬೇಕು! ಬಾಡಿಗಿ ಕುಂಚ! ಎಲ್ಲ್ಯರ ಕೇಳೀಯೇನೋ ತಮ್ಮಾ?”

ಕೊಡೆ ಬಗಲಿಗೆ ಹಾಕಿಕೊಂಡು ಸರಸರ ಹೊರಟೇಬಿಟ್ಟಳು. ಅಂಗಡಿಯಲ್ಲಿ ಬಿಟ್ಟಿದ್ದ ಕಂಪ್ಯೂಟರ್ ನೆನಪಾಗಿ ಅಷ್ಟೇ ಸಿಟ್ಟಿನಲ್ಲಿ ತಿರುಗಿ ಬಂದಳು.

ಮುಂದಿನ ವಾರ ನಾನು ಹೋದಾಗ ಮಾಮಾ ಬಾಗಿಲಲ್ಲೇ ಪಿಸುಗುಟ್ಟಿದರು: “ನಿಮ್ಮತ್ತಿ ಪಂಥ ಬದಲು ಮಾಡಾಕತ್ತಾಳ.” ನಾನು ಚಪ್ಪಲಿ ಬಿಡುವುದನ್ನೂ ಮರೆತು ಮೆಟ್ಟಿಲು ಹತ್ತಿದೆ. ಮೇಲೆ ಹೋಗಿ ಕೇಳಿದರೆ ಪಂಥವಲ್ಲ, ಸಿಸ್ಟಮ್! ಯಾರೊಬ್ಬರ ಸ್ವತ್ತೂ ಅಲ್ಲದ, ಪುಕ್ಕಟೆ ಸಿಗುವ, ಹಳೆಯ ಮಷೀನಿನ ಮೇಲೂ ಓಡುವ ಲಿನಕ್ಸ್ ಎಂಬುದೊಂದಿದೆಯಂತೆ. ಅದಕ್ಕೆ ಹೋಗುವುದಂತೆ. ಫೋಟೊ ಒಂದೂ ಕಳೆಯಬಾರದಂತೆ, ಸಾಫ್ಟ್‌ವೇರೂ ಬಿಡುವುದಿಲ್ಲವಂತೆ! ನಾನು ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆಯೇ ಕೂರುವವನು. ಅದು ಹಟ ಹಿಡಿದರೆ ಬಂದ್ ಮಾಡಿ ಮತ್ತೆ ಹಚ್ಚುವುದೊಂದೇ ನನಗೆ ಗೊತ್ತಿರುವ ವಿದ್ಯೆ. ಬಾಯಿ ತೆರೆದು ಕೂತೆ.

ಅತ್ತಿ ಆತುರದವಳಲ್ಲ. ಹೊಸ ಸಿಸ್ಟಮ್ಮನ್ನು ಮೊದಲು ಒಂದು ಪೆನ್‌ಡ್ರೈವಿನಿಂದಲೇ ಓಡಿಸಿ, ಹಳೆಯದನ್ನು ಮುಟ್ಟದೆ, ಪರೀಕ್ಷೆಗೆ ಕೂರಿಸಿದಳು. ಅದರೊಳಗಿದ್ದ ಪುಕ್ಕಟೆ ಫೋಟೊ ಸಾಫ್ಟ್‌ವೇರಿನಲ್ಲಿ ತನ್ನ ಫೈಲೊಂದನ್ನು ತೆಗೆದಳು. ಏನು ಹೇಳಲಿ! ಫೋಟೊದ ಯಜಮಾನರು ತಲೆಗೆ ಸುತ್ತಿದ್ದ ಪಟಗ ಒಂದು ಕಡೆ, ತಲೆ ಒಂದು ಕಡೆ. ಮುಖಕ್ಕೆಲ್ಲ ಅರಿಶಿನ ಬಳಿದಂಥ ಬಣ್ಣ. ಮಾಮಾ ಕೈಮುಗಿದರು.

“ಇದರ ತಪ್ಪೇನಿಲ್ಲ,” ಅಂದಳು ಅತ್ತಿ. “ಇದರ ಭಾಷಾ ಬ್ಯಾರೆ, ನನ್ನ ಫೈಲಿನ ಭಾಷಾ ಬ್ಯಾರೆ.”

“ಹಂಗಾರ ತಯಾರಾದ ಫೋಟೊ ಅಷ್ಟ ಇಟ್ಟಗೊಂಡು ಉಳಿದದ್ದು ಬಿಟ್ಟಬಿಡು,” ಎಂದು ಮಾಮಾ ಸಲಹೆ ಕೊಟ್ಟರು. ಅತ್ತಿ ಅವರನ್ನು ಹೋಮ್‌ವರ್ಕ್ ಮಾಡದ ಹುಡುಗನನ್ನು ನೋಡುವಂತೆ ನೋಡಿದಳು. ಆಮೇಲೆ ನಮ್ಮಿಬ್ಬರಿಗೂ ಪಾಠ ಮಾಡಿದಳು. ಅವಳು ಹಳೆಯ ಫೋಟೊದ ಮೈಮೇಲೆ ನೇರವಾಗಿ ಕೈಯಾಡಿಸುವುದಿಲ್ಲ. ಫೋಟೊ ಹೇಗೆ ಬಂದಿತ್ತೋ ಹಾಗೆ ತಳದಲ್ಲಿರುತ್ತದೆ. ಅದರ ಮೇಲೆ ಗಾಜಿನ ಹಾಳೆಯಂಥ ಒಂದೊಂದೇ ಪದರ. ಸೀಳು ಮುಚ್ಚಿದ್ದು ಒಂದು ಪದರ, ಕಣ್ಣು ತಿದ್ದಿದ್ದು ಇನ್ನೊಂದು. ಬೇಡವಾದ ಪದರ ಸರಿಸಿದರೆ ಕೆಳಗಿನದು ಇದ್ದಂತೆಯೇ ಕಾಣುತ್ತದೆ. ತಯಾರಾದ ಫೋಟೊ ಅಂದರೆ ಎಲ್ಲ ಪದರಗಳನ್ನೂ ಅಂಟಿಸಿದ್ದು. ಮತ್ತೆ ಬಿಡಿಸಲು ಬರುವುದಿಲ್ಲ.

“ನಾ ತಪ್ಪು ಮಾಡಿರಬಹುದಲ್ಲ. ತಪ್ಪು ತಿದ್ದಾಕ ದಾರಿ ಇಟ್ಟಗೋಬೇಕು,” ಅಂದಳು.

ಅತ್ತಿ ತಪ್ಪು ಮಾಡುವ ಸಾಧ್ಯತೆಯನ್ನು ಒಪ್ಪಿಕೊಂಡಿದ್ದನ್ನು ಮಾಮಾ ಲಗ್ನವಾದಾಗಿನಿಂದ ಮೊದಲ ಸಲ ಕೇಳಿದ್ದಂತೆ.

ದಾರಿ ಹುಡುಕಲು ಅವಳು ಇಂಟರ್ನೆಟ್ಟಿನಲ್ಲಿ ಲಿನಕ್ಸಿನವರು ಸೇರುವ ಕಟ್ಟೆಯೊಂದಕ್ಕೆ ಹೋದಳು. ಅಲ್ಲಿ ದೇಶವಿದೇಶದ ಹುಡುಗರು ಅರ್ಧರ್ಧ ಶಬ್ದದಲ್ಲಿ ಹರಟುತ್ತಾರೆ. ನಮ್ಮ ಅತ್ತಿ ಇಂಗ್ಲಿಷಿನಲ್ಲಿ ‘ಗೌರವಾನ್ವಿತರೇ, ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ರಜೆ ಅರ್ಜಿಯ ಧಾಟಿಯಲ್ಲಿ ಬರೆದು, ಕೊನೆಗೆ ‘ತಮ್ಮ ವಿಶ್ವಾಸಿ’ ಎಂದು ಸಹಿ ಹಾಕಿದಳು! ಹುಡುಗರು ಬಿದ್ದುಬಿದ್ದು ನಕ್ಕಿರಬೇಕು. ಆದರೆ ಬೆಕ್ಕಿನ ಚಿತ್ರ ಹಾಕಿಕೊಂಡಿದ್ದ ಒಬ್ಬನು ಅಷ್ಟೇ ವಿನಯದಿಂದ ಉತ್ತರಿಸಿದ. ಹೊಸ ಸಿಸ್ಟಮ್ಮಿನ ಒಳಗೇ, ಒಂದು ಕಿಟಕಿಯಲ್ಲಿ, ಹಳೆಯ ಸಿಸ್ಟಮ್ಮನ್ನು ಸಾಫ್ಟ್‌ವೇರ್ ಸಮೇತ ಕೂರಿಸಬಹುದು. ಅದಕ್ಕೆ ಇಂಟರ್ನೆಟ್ ಕೊಡದಿದ್ದರೆ ಆಯಿತು, ಕಳ್ಳರ ಭಯವಿಲ್ಲ.

ಅತ್ತಿ ಇದನ್ನು ಮಾಮಾನಿಗೆ ವಿವರಿಸಿದ ರೀತಿ: “ಹೊಸ ಮನಿ ಕಟ್ಟಿ, ಅದರೊಳಗ ಹಳೇ ಅಡಿಗಿಮನಿ ಹೆಂಗಿತ್ತೋ ಹಂಗ ಎತ್ತಿ ಇಡೂದು. ಹೊರಗಿನ ಬಾಗಿಲಾ ಮಾತ್ರ ಇಡಂಗಿಲ್ಲ.”

“ಹಂಗಾರ ಚಾ ಎಲ್ಲಿಂದ ಬರತೈತಿ?” ಅಂದರು ಮಾಮಾ.

ಬೆಕ್ಕಿನವನ ಋಣ ಅವಳು ಇಟ್ಟುಕೊಳ್ಳಲಿಲ್ಲ. ಅವನ ಅಜ್ಜಿಯ ಮಾಸಿದ ಫೋಟೊ ತರಿಸಿಕೊಂಡು ಸರಿಮಾಡಿ ಕಳಿಸಿದಳು. ಯಾವ ದೇಶದ ಅಜ್ಜಿಯೋ! “ಮೂಗು ನೋಡು, ಥೇಟ್ ಬಬಲೇಶ್ವರದ ಕಡೀದು!” ಎಂದು ನನಗೆ ತೋರಿಸಿದಳು.

ಇನ್ನು ಉಳಿದದ್ದು ನಕಲು. ಹಳೆಯದನ್ನು ಅಳಿಸುವ ಮೊದಲು ಎಲ್ಲ ಫೈಲುಗಳ ನಕಲು ತೆಗೆದು ಬೇರೆ ಊರಿನಲ್ಲಿಡಬೇಕು ಎಂಬುದು ಅವಳ ಹಟ. ಒಂದು ಹಾರ್ಡ್ ಡಿಸ್ಕನ್ನು ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು, ಬಬಲೇಶ್ವರದ ಗೆಳತಿಯ ಮನೆಗೆ ಬಸ್ಸಿನಲ್ಲಿ ಹೊರಟಳು. ನಾನು ಜೊತೆಗೆ. ರಸ್ತೆಯ ಗುಂಡಿಗೊಮ್ಮೆ ಅದನ್ನು ಎತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದಳು. ಗುರುತಿನ ಕಂಡಕ್ಟರನಿಗೆ ಕುತೂಹಲ.

“ಅದರಾಗ ಏನೈತ್ರಿ ಟೀಚರ್?”

“ಮಂದಿ ಅದಾರಪ್ಪಾ.”

“ಮಂದಿ?”

“ಎಲ್ಲಾರೂ ತೀರಿಕೊಂಡವರು. ತಿಕೋಟಾ, ಬಿಜ್ಜರಗಿ, ಭೂತನಾಳ, ಎಲ್ಲಾ ಕಡಿಯವರು.”

ಪಕ್ಕದಲ್ಲಿ ಕೂತಿದ್ದಾಕೆ ಎದ್ದು ಹಿಂದಿನ ಸೀಟಿಗೆ ಹೋದಳು. ಕಂಡಕ್ಟರ್ ಮಾತ್ರ ಗಟ್ಟಿಗ. “ಹಂಗಾರ ಹೆಣ್ಣುಮಕ್ಕಳಿಗೆ ಪುಕ್ಕಟ ಆತ್ರಿ. ಗಂಡಸರೆಲ್ಲಾರಿಗೂ ಟಿಕೀಟ್ ತಗೋರಿ!”

ಅತ್ತಿ ಗಂಟನ್ನು ಸೆರಗಿನೊಳಗೆ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.

ಸಿಸ್ಟಮ್ ಬದಲಿಸುವ ದಿನ ಬಂತು. ವಿಜಯಪುರದ ಬೇಸಿಗೆ. ಅತ್ತಿ ಕಂಪ್ಯೂಟರಿನ ನೆತ್ತಿ ಸವರಿ, “ಭಾಳ ದುಡಿದಿ ಯಪ್ಪಾ,” ಎಂದು ಹಳೆಯ ಸಿಸ್ಟಮ್ಮಿಗೆ ವಿದಾಯ ಹೇಳಿದಳು. ‘ಎಲ್ಲವನ್ನೂ ಅಳಿಸಲೇ?’ ಎಂದು ಪರದೆ ಕೇಳಿತು. ಮಾಮಾ ಕಣ್ಣು ಮುಚ್ಚಿಕೊಂಡರು. ಅತ್ತಿ ಒತ್ತಿದಳು. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಅರ್ಧ ತುಂಬಿರಬೇಕು, ಕರೆಂಟ್ ಹೋಯಿತು!

ಇನ್ವರ್ಟರ್ ಕುಯ್ ಎಂದಿತು. ಅದರ ಬ್ಯಾಟರಿಯೋ ಮೊದಲೇ ಮುದಿ.

“ಫ್ಯಾನ್ ಬಂದ್ ಮಾಡ್ರಿ! ಫ್ರಿಜ್ ಬಂದ್ ಮಾಡ್ರಿ! ಟೀವಿ ತೆಗೀರಿ!” ಅತ್ತಿಯ ಕೂಗಿಗೆ ಮನೆಯಿಡೀ ನಡುಗಿತು.

“ಕಡೀ ಓವರ್ ಐತಿ,” ಎಂದು ಕೆಳಗಿನಿಂದ ಮಾಮಾ ಅಂಗಲಾಚಿದರು. ಯಾವಾಗ ಕೆಳಗಿಳಿದಿದ್ದರೋ!

“ಬಂದ್!”

ಪಂದ್ಯ ಗೆದ್ದವರಾರು ಎಂಬುದು ಆ ಮನೆಗೆ ಮರುದಿನದ ಪೇಪರಿನಲ್ಲಿ ಗೊತ್ತಾಯಿತು. ನಾವು ಬೆವರಿನಲ್ಲಿ ತೊಯ್ದು, ಆ ಸಣ್ಣ ಪಟ್ಟಿಯನ್ನೇ ನೋಡುತ್ತ ಕೂತೆವು. ನಾನು ದೀರ್ಘವಾಗಿ ಉಸಿರು ಬಿಟ್ಟರೂ ಅತ್ತಿ ಗುರ್ ಎಂದು ನೋಡುತ್ತಿದ್ದಳು, ಅದಕ್ಕೂ ಕರೆಂಟ್ ಖರ್ಚಾಗುತ್ತದೆ ಎಂಬಂತೆ. ಪಟ್ಟಿ ತುಂಬಿತು. ಹೊಸ ಸಿಸ್ಟಮ್ ಎದ್ದಿತು. ಕರೆಂಟ್ ಬಂದಮೇಲೆ ಅವಳು ಅದರೊಳಗೆ ಹಳೆಯ ಅಡಿಗೆಮನೆಯನ್ನು ಕೂರಿಸಿದಳು. ಸಾಯಂಕಾಲ ಒಂದು ಫೈಲು ತೆಗೆದಾಗ ಪಟಗ ತಲೆಯ ಮೇಲೆ, ತಲೆ ಕತ್ತಿನ ಮೇಲೆ, ಪದರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ! ಅರವತ್ತು ದಾಟಿದ ಹೆಂಗಸು ಚಪ್ಪಾಳೆ ತಟ್ಟಿ ಕುಣಿದದ್ದನ್ನು ನಾನು ಕಣ್ಣಾರೆ ಕಂಡೆ. ಇವಳ ರಕ್ತವೇ ನನ್ನ ಮೈಯಲ್ಲೂ ಹರಿಯುತ್ತಿದೆಯಲ್ಲ, ಮತ್ತೆ ನನಗೇಕೆ ಏನೂ ಬರುವುದಿಲ್ಲ?

ಇದಾಗಿ ಕೆಲವು ವಾರದ ಮೇಲೆ, ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ, ಬಿಜ್ಜರಗಿಯಿಂದ ಒಬ್ಬ ವಯಸ್ಸಾದ ಹೆಣ್ಣುಮಗಳು ಬಂದಳು. ಕುರಿ ಸಾಕುವ ಮನೆತನ. ಆಕೆಯ ತೀರಿಹೋದ ಗಂಡನ ಫೋಟೊವನ್ನು ಮಗ ತಂದುಕೊಟ್ಟು ಅತ್ತಿಯಿಂದ ಹಿಂದೆಯೇ ಸರಿಮಾಡಿಸಿಕೊಂಡು ಹೋಗಿದ್ದ. ಆಕೆ ಚೀಲದಿಂದ ಆ ಚೌಕಟ್ಟು ತೆಗೆದು ಅತ್ತಿಯ ಮುಂದಿಟ್ಟಳು.

“ತಪ್ಪ ತಿಳೀಬ್ಯಾಡ್ರಿ ಟೀಚರ್. ಭಾಳ ಚಂದ ಮಾಡೀರಿ. ಖರೆ, ಇವರು ನಮ್ಮ ಮನ್ಯಾರು ಅಲ್ರಿ.”

ಅತ್ತಿಯ ಮುಖ ಸಣ್ಣದಾಯಿತು. “ಯಾಕವ್ವಾ?”

“ಇಲ್ಲಿ, ಹುಬ್ಬಿನ ಮ್ಯಾಲ, ಟಗರು ಹಾಯ್ದ ಕಲಿ ಇತ್ರಿ. ಅದ ಇಲ್ಲ.”

ಅತ್ತಿ ಆ ಗಾಯದ ಕಲೆಯನ್ನು ಫೋಟೊದ ಮೇಲಿನ ಗೀರು ಅಂದುಕೊಂಡು ಒರೆಸಿಬಿಟ್ಟಿದ್ದಳು.

“ಹಳೇ ಫೋಟೊ ಎಲ್ಲೈತಿ?”

“ಮನಿ ಸೋರಿ ತೋಯ್ದು ಹೋತ್ರಿ. ಬರೇ ಹಾಳಿ ಉಳದೈತಿ. ಮಗಗ ಕೆಟ್ಟ ಅನಸ್ತೈತಂತ ಇಷ್ಟ ದಿನಾ ಸುಮ್ನಿದ್ನಿ.” ಆಕೆ ಚೌಕಟ್ಟಿನ ಗಾಜನ್ನು ಸೆರಗಿನಿಂದ ಒರೆಸುತ್ತ ಅಂದಳು: “ಲಗ್ನಾದ ಹೊಸದಾಗ ಮುಖಾ ಎತ್ತಾಕ ನಾಚಿಕಿ ನನಗ. ಅವರ ಜೋಡಿ ನಾ ಮೊದಲ ಆಡಿದ ಮಾತ ಆ ಕಲಿ ನೋಡಿ, ‘ಭಾಳ ನೋವಾತೇನ್ರಿ’ ಅಂತ.”

ಅತ್ತಿ ಕಂಪ್ಯೂಟರಿನ ಮುಂದೆ ಕೂತಳು. ಕಿಟಕಿಯೊಳಗಿನ ಹಳೆಯ ಸಿಸ್ಟಮ್ ತೆಗೆದಳು, ಫೈಲು ಹುಡುಕಿದಳು. ಒಂದು ಪದರ ಸರಿಸಿದಳು. ಅದಲ್ಲ. ಇನ್ನೊಂದು ಸರಿಸಿದಳು. ಅದೂ ಅಲ್ಲ. ಮತ್ತೊಂದು ಸರಿಸಿದಾಗ, ಎಡಹುಬ್ಬಿನ ಮೇಲೆ, ಓರೆಯಾಗಿ, ಸಣ್ಣದೊಂದು ಕಲೆ ಮೂಡಿತು.

ಆ ಹೆಣ್ಣುಮಗಳು ತಟ್ಟನೆ ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡಳು.

“ತಪ್ಪಾತವ್ವಾ,” ಅಂದಳು ಅತ್ತಿ.

ಆಕೆಗೆ ಕೇಳಿಸಲಿಲ್ಲ. ಅತ್ತಿ ಪ್ರಿಂಟ್ ಹಾಕಲೂ ಇಲ್ಲ. ತನ್ನ ಕುರ್ಚಿ ಬಿಟ್ಟು ಎದ್ದು, ಆಕೆಯ ಭುಜ ಹಿಡಿದು ಅಲ್ಲಿ ಕೂಡಿಸಿದಳು. “ಚಾ ಮಾಡಿಕೊಂಡು ಬರ್ತೀವಿ, ಸಾವಕಾಶ ನೋಡ್ರಿ,” ಎಂದು ನನ್ನನ್ನು ಹೊರಗೆ ಕರೆತಂದು, ಬಾಗಿಲು ಎಳೆದುಕೊಂಡಳು. ಮೆಟ್ಟಿಲು ಇಳಿದು ಮುಗಿಯುವವರೆಗೂ ಅತ್ತಿ ನನ್ನ ತೋಳು ಬಿಡಲಿಲ್ಲ.