ಭಾವನಿಗೆ ಜೊತೆ ಹುಡುಕಿದ್ದು

ಎಲ್ಲರಿಗೂ ಆಫೀಸಿನಲ್ಲಿ ಒಬ್ಬ ಬಾಸ್ ಇರುತ್ತಾರೆ. ನನಗೆ ಮನೆಯಲ್ಲೇ ಡಬಲ್ ಬಾಸ್. ಒಂದು ನನ್ನ ಹೆಂಡತಿ, ಇನ್ನೊಂದು ಅವಳು ನುಡಿಸುವ ವಾದ್ಯ. (ವಾದ್ಯದ ಹೆಸರೇ ಡಬಲ್ ಬಾಸ್. ನಾನು ಇಟ್ಟದ್ದಲ್ಲ.)

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಪಿಟೀಲಿನ ವಂಶದ ಹಿರಿಯಣ್ಣ. ಪಾಶ್ಚಾತ್ಯ ಸಂಗೀತದವರು ಪಿಟೀಲನ್ನು ಕುತ್ತಿಗೆಗೆ ಒತ್ತಿಕೊಂಡು ನುಡಿಸುತ್ತಾರೆ. ಇದನ್ನು ಹಾಗೆ ಒತ್ತಿಕೊಂಡರೆ ನುಡಿಸುವವರೇ ಉಳಿಯುವುದಿಲ್ಲ. ನೆಲಕ್ಕೆ ಊರಿ ನಿಲ್ಲಿಸಿದರೆ ನನಗಿಂತ ಗೇಣುದ್ದ ಎತ್ತರ. ಸೊಂಟದ ಸುತ್ತಳತೆಯಲ್ಲಿ ಮಾತ್ರ ನಾವಿಬ್ಬರೂ ಸರಿಸಮ. ಮದುವೆಯಾದಾಗ ಹೆಂಡತಿಯ ಹಿಂದೆಯೇ ಅವಳ ತವರಿನಿಂದ ಬಂದು, ನಮ್ಮ ಕೋಣೆಯ ಮೂಲೆ ಹಿಡಿದು, ನನ್ನನ್ನೇ ದುರುಗುಟ್ಟಿಕೊಂಡು ನಿಂತಿತು. ಥೇಟ್ ಹೆಂಡತಿಯ ಅಣ್ಣನ ಗತ್ತು. ಹಾಗಾಗಿ 'ಭಾವ' ಎಂದು ಕರೆದೆ. ಅವಳಿಗೂ ಹಿಡಿಸಿತು. "ಭಾವ ಇಲ್ಲದ ಸಂಗೀತ ಸಂಗೀತವೇ ಅಲ್ಲ" ಎಂದಳು.

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಅಂಗಡಿಯವರು ಈ ನಗರದಲ್ಲಿ ಹೊಸ ಶಾಖೆ ತೆರೆದು ನನ್ನನ್ನು ಇಲ್ಲಿಗೆ ಅಟ್ಟಿದರು. ಪಾತ್ರೆಪಗಡ, ಹಾಸಿಗೆ, ಭಾವ, ಎಲ್ಲವೂ ಲಾರಿ ಏರಿ ಬಂದವು. ಆದರೆ ವರ್ಷಗಟ್ಟಲೆ ಅವಳ ಜೊತೆ ನುಡಿಸಿದ ಗುಂಪು ಹಳೇ ಊರಿನಲ್ಲೇ ಉಳಿಯಿತು. ಇಲ್ಲಿ ಬಂದಮೇಲೆ ಅವಳು ಭಾವನ ಮೇಲಿನ ಕಪ್ಪು ಚೀಲವನ್ನು ಬಿಚ್ಚಲೇ ಇಲ್ಲ. ಮೊದಮೊದಲು ನನಗೆ ಹಾಯೆನಿಸಿತು (ಸುಳ್ಳೇಕೆ ಹೇಳಲಿ). ಆಮೇಲೆ ಅವಳ ಮಾತೂ ಕಡಿಮೆಯಾಗುತ್ತ ಬಂತು.

"ಒಬ್ಬಳೇ ನುಡಿಸಬಾರದಾ?" ಎಂದೆ ಒಂದು ದಿನ ಊಟದ ಹೊತ್ತಿಗೆ.

"ಒಬ್ಬಳೇ ಜಗಳ ಆಡೋಕಾಗುತ್ತಾ?"

"ನೀನು ಆಡ್ತೀಯಲ್ಲ."

"ಎದುರಿಗೆ ನೀವಿರ್ತೀರಿ, ಅದಕ್ಕೆ. ಭಾವ ಜೊತೆಯಲ್ಲಿ ನುಡಿಯೋ ವಾದ್ಯ ಕಣ್ರೀ. ಮೇಲೆ ಪಿಟೀಲುಗಳು ಹಾಡ್ತಿದ್ರೆ ಕೆಳಗೆ ನೆಲದ ಹಾಗೆ ಇರೋದು ಅದರ ಕೆಲಸ. ಮನೆಯೇ ಇಲ್ಲದೆ ಬರೀ ನೆಲ ಇಟ್ಕೊಂಡು ನಾನೇನ್ ಮಾಡ್ಲಿ?"

ತಟ್ಟೆಯನ್ನು ತೊಟ್ಟಿಯಲ್ಲಿಟ್ಟು, ನನ್ನ ಕಡೆ ತಿರುಗದೆ ಹೇಳಿದಳು: "ಈ ತಿಂಗಳು ನೋಡ್ತೀನಿ. ಯಾರೂ ಸಿಗಲಿಲ್ಲ ಅಂದ್ರೆ ನಾನೂ ಭಾವನೂ ಅಮ್ಮನ ಮನೆಗೆ ಹೋಗ್ತೀವಿ."

ಕೂಗಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಮೆತ್ತಗೆ ಹೇಳಿದಳು. ಕೂಗುವ ಹೆಂಡತಿ ಎಲ್ಲಿಗೂ ಹೋಗುವುದಿಲ್ಲ. ಮೆತ್ತಗೆ ಮಾತಾಡುವವಳು ಪೆಟ್ಟಿಗೆ ಕಟ್ಟುತ್ತಾಳೆ.

ಮರುದಿನದಿಂದಲೇ ನನ್ನ ಮಹಾ ಅನ್ವೇಷಣೆ ಶುರುವಾಯಿತು. ವಾದ್ಯದ ಅಂಗಡಿಯವನು, "ಗಿಟಾರಾದ್ರೆ ಬೀದಿಗೆ ಹತ್ತು ಜನ ಇದ್ದಾರೆ, ಪಿಟೀಲು ಗೊತ್ತಿಲ್ಲ" ಎಂದು ಕೈಯಲ್ಲಾಡಿಸಿಬಿಟ್ಟ. ಆಗ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ಪಿಟೀಲು ನುಡಿಸುವವರ ಎಡದವಡೆಯ ಕೆಳಗೆ, ವಾದ್ಯ ಒತ್ತಿ ಒತ್ತಿ, ಒಂದು ಕಂದು ಕಲೆ ಕೂತುಬಿಟ್ಟಿರುತ್ತದೆಂದು ಹೆಂಡತಿ ಹಿಂದೊಮ್ಮೆ ಹೇಳಿದ್ದಳು. ದಿನವಿಡೀ ಜನರ ಮುಖಕ್ಕೆ ಮುಖ ಕೊಟ್ಟು ಕೂರುವ ಕಸುಬು ನನ್ನದು! ಅಂದಿನಿಂದ ಗಿರಾಕಿಗಳ ಕಣ್ಣು ಬಿಟ್ಟು ಕುತ್ತಿಗೆ ಪರೀಕ್ಷಿಸತೊಡಗಿದೆ.

ಒಬ್ಬ ಮಹನೀಯರ ಕುತ್ತಿಗೆಯಲ್ಲಿ ಕಲೆ ಕಂಡೇ ಕಂಡಿತು. "ಸಾರ್, ಇದು ಹೇಗಾಯ್ತು?" ಎಂದು ಆಸೆಯಿಂದ ಕೇಳಿದೆ. ಅವರು ಕೆಂಪಾಗಿ, ಕಾಲರ್ ಮೇಲೆಳೆದುಕೊಂಡು, ಕನ್ನಡಕ ಕೊಳ್ಳದೆಯೇ ಎದ್ದುಹೋದರು. ಇನ್ನೊಬ್ಬರ ಬೆರಳ ತುದಿಗಳು ತಂತಿ ಒತ್ತಿದವರ ಹಾಗೆ ಗಟ್ಟಿಯಾಗಿದ್ದವು. ವಿಚಾರಿಸಿದರೆ ದರ್ಜಿ. ಮಾತಿಗೆ ಸಿಕ್ಕಿಬಿದ್ದು ಒಂದು ಪ್ಯಾಂಟು ಹೊಲಿಸಿಕೊಂಡೆ.

ತಿಂಗಳು ಮುಗಿಯುತ್ತ ಬಂದಿತ್ತು. ಹೆಂಡತಿ ಅಟ್ಟದಿಂದ ಪೆಟ್ಟಿಗೆ ಇಳಿಸಿ ಧೂಳು ಒರೆಸಿದ್ದಳು. ಅಂಥ ಒಂದು ಬೆಳಿಗ್ಗೆ, ಬಿಳಿಗೂದಲ ಒಬ್ಬ ಹೆಂಗಸು ನನ್ನೆದುರು ಕೂತು ಅಕ್ಷರಗಳ ಕೊನೆಯ ಸಾಲನ್ನು ತಡವರಿಸದೆ ಓದಿ ಮುಗಿಸಿದರು. ನನ್ನ ಕಣ್ಣು ಎಡದವಡೆಯ ಕೆಳಗೆ ಜಾರಿತು.

"ಮೇಡಂ... ತಪ್ಪು ತಿಳೀಬೇಡಿ... ಪಿಟೀಲಾ?"

"ಹೌದು. ಏನೀಗ?"

"ನನ್ನ ಹೆಂಡತಿ ಡಬಲ್ ಬಾಸ್ ನುಡಿಸ್ತಾಳೆ. ಈ ಊರಿಗೆ ಹೊಸಬಳು. ಗುಂಪು ಸಿಗದೆ ಅವಳು... ಅಂದ್ರೆ ನಾನು..."

"ಪಿಟೀಲು ಕುಯ್ಯಬೇಡಿ, ವಿಷಯ ಅರ್ಥವಾಯ್ತು." (ಪಿಟೀಲಿನವರ ಬಾಯಲ್ಲೇ ಆ ಮಾತು!) "ನಮ್ಮದೊಂದು ಗುಂಪಿದೆ. ಭಾನುವಾರ ನಮ್ಮನೆಯಲ್ಲಿ, ಮೂರನೇ ಮಹಡಿ. ಅವರನ್ನ ಕರ್ಕೊಂಡು ಬನ್ನಿ, ಕೇಳಿ ನೋಡೋಣ. ನಾಲ್ಕಕ್ಕೆ ಸರಿಯಾಗಿ ಬಾಗಿಲು ಹಾಕ್ತೀನಿ. ಆಮೇಲೆ ಯಾರೇ ಬಂದ್ರೂ ತೆಗೆಯೋದಿಲ್ಲ."

ನಿವೃತ್ತ ಗಣಿತದ ಟೀಚರಂತೆ. ಹೇಳಬೇಕಾಗಿಯೇ ಇರಲಿಲ್ಲ.

ಭಾನುವಾರ ಹೊರಡುವಾಗ ಹೆಂಡತಿ, "ಹೊರೋಕೆ ಇಬ್ಬರು ಆಳು ಕರೀರಿ" ಎಂದಳು.

"ಯಾಕೆ, ನಾನು ಸತ್ತಿದ್ದೀನಾ? ನಿನ್ನೆಯೇ ಹೋಗಿ ಮೆಟ್ಟಿಲು ನೋಡ್ಕೊಂಡು ಬಂದಿದ್ದೀನಿ. ಕಣ್ಣಳತೆ ಕಣೇ! ಕಣ್ಣಿನ ವಿಷಯ ನನಗೆ ಹೇಳಿಕೊಡಬೇಡ."

ಲಿಫ್ಟ್ ಇಲ್ಲದ ಕಟ್ಟಡ. ಮೇಲಿನ ಮೆಟ್ಟಿಲಲ್ಲಿ ಅವಳು, ಭಾವನ ಕತ್ತು ಹಿಡಿದು. ಕೆಳಗಿನ ಮೆಟ್ಟಿಲಲ್ಲಿ ನಾನು, ಭಾವನ ಬುಡ ಹೊತ್ತು. ಎರಡು ಮಹಡಿ ಹೇಗೋ ಏರಿದೆವು. ಆಮೇಲಿನ ತಿರುವು ಕಿರಿದಾಗಿತ್ತು. ಒಂದು ಸಲ ನೂಕಿದೆ, ಭಾವನ ತಲೆ ಕಬ್ಬಿಣದ ಕಂಬಿಗಳ ನಡುವೆ ಹೊಕ್ಕಿತು. ಇನ್ನೊಂದು ಸಲ ನೂಕಿದೆ, ಬುಡ ಗೋಡೆಯ ಮೂಲೆಗೆ ಕಚ್ಚಿಕೊಂಡಿತು. ಮೂರನೇ ಸಲ ನೂಕಿದಾಗ ಏನೂ ಅಲ್ಲಾಡಲಿಲ್ಲ, ನನ್ನ ಸೊಂಟದೊಳಗಿನ ಯಾವುದೋ ಒಂದು ಮೂಳೆ ಬಿಟ್ಟು.

ಮೇಲಿಂದ ಪಿಟೀಲುಗಳ ಶ್ರುತಿ ಮಾಡುವ ಸದ್ದು ಕೇಳಿಸುತ್ತಿತ್ತು.

"ರೀ, ನಾಲ್ಕಾಗ್ತಾ ಬಂತು!"

"ಎಳಿ!"

"ಎಳೆದ್ರೆ ಭಾವನ ಕತ್ತು ಮುರಿಯುತ್ತೆ!"

"ಮುರಿಯಲ್ಲ, ಕತ್ತು ತಿರುಚು!"

ಪಕ್ಕದ ಬಾಗಿಲು ತಟ್ಟನೆ ತೆರೆಯಿತು. ಎರಡನೇ ಮಹಡಿಯ ಯಜಮಾನರೊಬ್ಬರು ಇಣುಕಿದರು. ಅವರ ಕಣ್ಣಿಗೆ ಬಿದ್ದದ್ದು ಆಳೆತ್ತರದ ಕಪ್ಪು ಚೀಲ, ಬೆವರುತ್ತಿರುವ ಇಬ್ಬರು ಅಪರಿಚಿತರು.

"ಯಾರ ಭಾವ? ಏನ್ ಮಾಡಿದ್ರಿ ಅವರನ್ನ?" ಅವರ ಧ್ವನಿ ನಡುಗುತ್ತಿತ್ತು. "ನಾನು ಪೊಲೀಸರಿಗೆ ಫೋನ್ ಮಾಡ್ತೀನಿ!"

"ಅಯ್ಯೋ, ಇದು ವಾದ್ಯ ಸಾರ್!"

"ಎಲ್ಲರೂ ಹಾಗೇ ಹೇಳೋದು!"

ಅತ್ತ ದರಿ, ಇತ್ತ ಪುಲಿ, ನಡುವೆ ಭಾವ. ಯಜಮಾನರು ಧೈರ್ಯ ಮಾಡಿ, ತೋಳುದ್ದ ದೂರದಿಂದಲೇ ಚೀಲದ ಜಿಪ್ ಎಳೆದು ಬೆರಳು ತೂರಿಸಿದರು. ಭಾವ "ಬೋಂ..." ಎಂದ. ಅವರು ಎರಡು ಹೆಜ್ಜೆ ಹಿಂದೆ ಹಾರಿ, "ಟೀಚರಮ್ಮಾ!" ಎಂದು ಕಟ್ಟಡವೇ ಅದುರುವಂತೆ ಕೂಗಿದರು.

ಮೇಲೆ ಗಣಿತದ ಟೀಚರು ಕಂಬಿಯ ಮೇಲಿಂದ ಬಗ್ಗಿ ನೋಡಿದರು. "ಏನಿದು?"

"ಡಬಲ್ ಬಾಸ್ ಮೇಡಂ."

"ಅದು ಕಾಣುತ್ತೆ. ಯಾಕೆ ಹೊತ್ಕೊಂಡು ಬಂದ್ರಿ? ನಮ್ಮಲ್ಲಿ ಒಂದು ಇದೆಯಲ್ಲ. ನುಡಿಸ್ತಿದ್ದವರು ಊರು ಬಿಟ್ಟು ಹೋಗುವಾಗ ಗುಂಪಿಗೇ ಕೊಟ್ಟುಹೋದ್ರು. ನಮಗೆ ಬೇಕಿದ್ದದ್ದು ಮನುಷ್ಯರು."

"ನೀವು ಹೇಳಲೇ ಇಲ್ಲ..."

"ನೀವು ಕೇಳಲೇ ಇಲ್ಲ."

ಹೆಂಡತಿ ನನ್ನನ್ನು ನೋಡಿದಳು. ಆ ನೋಟಕ್ಕೆ ಯಾವ ನಂಬರಿನ ಕನ್ನಡಕವೂ ಇಲ್ಲ.

"ಬಾಗಿಲು ಹಾಕೋ ಹೊತ್ತಾಯ್ತು. ಬರ್ತೀರೋ ಇಲ್ಲವೋ?"

ಅವಳು ಭಾವನನ್ನು ನೋಡಿದಳು, ಬಾಗಿಲನ್ನು ನೋಡಿದಳು. "ಭದ್ರವಾಗಿ ಹಿಡ್ಕೊಂಡಿರ್ರೀ, ಬಿಟ್ಟೀರ!" ಎಂದವಳೇ ಸೀರೆ ಎತ್ತಿಕೊಂಡು ಓಡಿದಳು. ಬಾಗಿಲು ಮುಚ್ಚಿತು.

ನಾನು ಭಾವನನ್ನು ತಬ್ಬಿಕೊಂಡು ನಿಂತೆ. ತೋಳು ಸೋತಾಗ ಭುಜ ಕೊಟ್ಟೆ. ಯಜಮಾನರು ಒಂದು ಕುರ್ಚಿ ತಂದು ಹಾಕಿಕೊಂಡು ಕೂತು, "ನಿಮಗೂ ತರ್ತಿದ್ದೆ, ನೀವು ಕೂರೋ ಹಾಗಿಲ್ಲವಲ್ಲ" ಎಂದು ಮರುಗಿದರು.

ಮೇಲೆ ಸಂಗೀತ ಶುರುವಾಯಿತು. ಕೂಡಲೇ ನಿಂತಿತು. "ಬಾಸ್, ತಡವಾಯ್ತು. ಇನ್ನೊಂದು ಸಲ" ಎಂಬ ಟೀಚರ ಧ್ವನಿ. ಮತ್ತೆ ಶುರು, ಮತ್ತೆ ನಿಂತಿತು. ನನ್ನ ಉಸಿರೂ ನಿಂತಿತು. ಅಪರಿಚಿತ ವಾದ್ಯ, ಅಪರಿಚಿತ ಜನ. ಅವಳ ಕೈ ಬೆವರುತ್ತಿರಬೇಕು. ಇವತ್ತು ಆಗಲಿಲ್ಲವೆಂದರೆ ಧೂಳು ಒರೆಸಿದ ಪೆಟ್ಟಿಗೆ ಮನೆಯಲ್ಲಿ ಕಾದಿದೆ.

ಮೂರನೇ ಸಲ ಪಿಟೀಲುಗಳು ಎದ್ದವು, ಮತ್ತು ಅವುಗಳ ಕೆಳಗೆ ಮೆಲ್ಲನೆ ಒಂದು ನೆಲ ಬಂದು ಸೇರಿತು. ಈ ಸಲ ಯಾರೂ ನಿಲ್ಲಿಸಲಿಲ್ಲ. ಗೋಡೆ ಗುಂಯ್‌ಗುಟ್ಟಿತು. ನನ್ನ ತೋಳಿನೊಳಗೆ, ಯಾರೂ ಮುಟ್ಟದೆಯೇ, ಭಾವನ ತಂತಿಗಳು ಸಣ್ಣಗೆ ಮಿಡಿದವು. ಈ ಊರಿಗೆ ಬಂದಮೇಲೆ ಅವಳ ದನಿ ಮೊದಲ ಸಲ ಕೇಳಿದಂತಾಯಿತು. ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಗುಂಪಿನ ನಡುವೆ ನನ್ನ ಹೆಂಡತಿ, ಕೆನ್ನೆ ಕೆಂಪಾಗಿ, ಎಡಕ್ಕೊಬ್ಬರ ಜೊತೆ ಬಲಕ್ಕೊಬ್ಬರ ಜೊತೆ ಮಾತಾಡುತ್ತ ಇಳಿದಳು. ಟೀಚರು ಮುಂದೆ ಬಂದರು.

"ಕೈ ಬಿಡಿ."

"ಬಿಟ್ಟರೆ ಬೀಳುತ್ತೆ ಮೇಡಂ!"

"ಬಿಡಿ ಅಂದೆ."

ಶಾಲೆಯ ಧ್ವನಿ ಅದು. ನನ್ನನ್ನು ಕೇಳದೆ ಕೈಗಳೇ ಬಿಟ್ಟವು. ಭಾವ ಕೂದಲೆಳೆಯಷ್ಟೂ ಕದಲಲಿಲ್ಲ. ತಲೆ ಕಂಬಿಯಲ್ಲಿ, ಬುಡ ಮೂಲೆಯಲ್ಲಿ, ಆನೆ ಗುದ್ದಿದರೂ ಬೀಳದಷ್ಟು ಭದ್ರವಾಗಿ ನಿಂತೇ ಇದ್ದ. ಮೊದಲಿನಿಂದಲೂ ಹಾಗೇ ನಿಂತಿದ್ದನಂತೆ.

ಹೆಂಡತಿ ಬಾಯಿಯ ಮೇಲೆ ಕೈಯಿಟ್ಟಳು. "ಅಯ್ಯೋ, ಇಷ್ಟು ಹೊತ್ತೂ ಸುಮ್ಸುಮ್ನೆ ಹಿಡ್ಕೊಂಡಿದ್ರಾ? ಮೇಲೆ ಬಂದು ಆರಾಮಾಗಿ ಕೂತು ಕೇಳಬಹುದಿತ್ತಲ್ರೀ!"

ಇಡೀ ಗುಂಪು ಒಟ್ಟಿಗೆ, ಒಂದೇ ಶ್ರುತಿಯಲ್ಲಿ ನಕ್ಕಿತು. ಪಳಗಿದ ಗುಂಪು, ಅನುಮಾನವಿಲ್ಲ. ಇವತ್ತಷ್ಟೇ ಸೇರಿದ ನನ್ನ ಹೆಂಡತಿಯೂ ಒಂದು ಚೂರು ತಾಳ ತಪ್ಪಲಿಲ್ಲ.